ವಾಡಿ ಜಂಕ್ಷನ್ನಿನ ಮನೆಗಾಡಿ

ಹಳೆಯ ಸಾಮಾನು ಕೊಂಡವನಿಗೆ ಬುದ್ಧಿ ಹೇಳುವುದು ನಮ್ಮ ಕಡೆ ಪುಣ್ಯದ ಕೆಲಸ. ಹೊಸದನ್ನು ಕೊಂಡರೆ ಯಾರೂ ಏನೂ ಹೇಳುವುದಿಲ್ಲ, ಪೇಢಾ ತಿಂದು ಹೋಗುತ್ತಾರೆ. ಹಳೆಯದನ್ನು ಕೊಂಡಿರೋ, ಜನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಾಲಿಗೆ ಒಮ್ಮೆ ಒದ್ದು, ಗಾಡಿಯ ಮುಖವನ್ನೂ ನಿಮ್ಮ ಮುಖವನ್ನೂ ಒಂದೇ ಕರುಣೆಯಿಂದ ನೋಡಿ, "ಎಷ್ಟಕ್ಕ ಬಿತ್ತರಿ?" ಎಂದು ಕೇಳುತ್ತಾರೆ. ನೀವು ಏನು ಹೇಳಿದರೂ ಅವರ ಉತ್ತರ ಒಂದೇ: "ಭಾಳಾತು." ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ಒಳಗೆ ಮಲಗಲು, ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಹಳೆಯ ಪೆಟ್ರೋಲ್ ಮನೆಗಾಡಿಯೊಂದನ್ನು ನಾನು ಕೊಂಡಿದ್ದೇನೆ. ನನಗೆ ಯಾರೂ ಟೋಪಿ ಹಾಕಿಲ್ಲ. ಕಣ್ಣು ಬಿಟ್ಟುಕೊಂಡೇ ಕೊಂಡಿದ್ದೇನೆ. ನನಗೆ ಪಶ್ಚಾತ್ತಾಪವೂ ಇಲ್ಲ, ಅದನ್ನು ಮಾರುವ ವಿಚಾರವೂ ಇಲ್ಲ. ಇನ್ನು ಮುಂದೆ ಓದುವವರು ಓದಬಹುದು.

ನಮ್ಮ ಮನೆ ಇರುವುದು ವಾಡಿಯಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿ. ಜಂಕ್ಷನ್ ಊರಿನಲ್ಲಿ ಸ್ಟೇಷನ್ ಹತ್ತಿರ ಮನೆ ಮಾಡಬಾರದೆಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ಆಗ ಬುದ್ಧಿ ಹೇಳಬೇಕಾದವರೆಲ್ಲ ಎಲ್ಲಿದ್ದರೋ ಕಾಣೆ. ನನ್ನ ಕಡೆಯ ನೆಂಟರು, ನನ್ನ ಹೆಂಡತಿ ಶಾಂತಾಬಾಯಿಯ ಕಡೆಯ ನೆಂಟರು, ನೆಂಟರ ಬೀಗರು, ಬೀಗರ ಊರಿನವರು, ಎಲ್ಲರೂ ವಾಡಿಯಲ್ಲೇ ರೈಲು ಬದಲಿಸುತ್ತಾರೆ. ರೈಲು ತಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಕೂರುವುದು ನಮಗೆ ಅವಮಾನವೆಂದು ಅವರೇ ತೀರ್ಮಾನಿಸಿದ್ದಾರೆ. "ನಿಮ್ಮ ಮನಿ ಇರಲಿಕ್ಕೆ ಟೇಶನ್ನಿನ್ಯಾಗ ಕುಂತ್ರ ಮಂದಿ ಏನಂದಾರು?" ಎನ್ನುತ್ತ ಬರುತ್ತಾರೆ. ನಾನು ಮೂವತ್ತು ವರ್ಷ ಶಹಾಬಾದಿನಲ್ಲಿ ಕಲ್ಲಿನ ಲಾರಿ ತೂಗುವ ಕಾಟಾದ ಮೇಲೆ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುತ್ತಿದ್ದುದು. ಆ ಮೂವತ್ತು ವರ್ಷವೂ ಬಂದವರಿಗೆಲ್ಲ ಚಾ ಮಾಡಿಕೊಟ್ಟವಳು ಶಾಂತಾಬಾಯಿ. ಒಬ್ಬರಿಗೆ ಸಕ್ಕರೆ ಬೇಡ, ಒಬ್ಬರಿಗೆ ಶುಂಠಿ ಬೇಕು, ಒಬ್ಬರಿಗೆ ಚಾದ ಮೊದಲು ಒಂದು ತಟ್ಟೆ ಮಂಡಕ್ಕಿಯ ಸುಸ್ಲಾ ಬೇಕು. ರೈಲು ಬಂತೆಂದು ಅರ್ಧ ಕುಡಿದು ಓಡಿದವರು, ರೈಲು ತಪ್ಪಿತೆಂದು ಉಳಿದರ್ಧ ಕುಡಿಯಲು ತಿರುಗಿ ಬಂದದ್ದೂ ಉಂಟು.

ನಾನು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ, ಕಪ್ಪು ಬಸಿ ತೊಳೆಯುತ್ತ ಅವಳು ತಟ್ಟನೆ ಹೇಳಿದಳು: "ರೀ, ಯಾರೂ ಚಾ ಕೇಳಲಾರದ ಮನ್ಯಾಗ ಒಂದು ದಿನ ಇರಬೇಕಂತ ಆಸೆ ಅದ ನೋಡ್ರಿ. ಒಂದೇ ದಿನ." ನಾನು ನಕ್ಕೆ. ಅವಳು ನಗಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಸೀರೆಯಲ್ಲ, ಸರವಲ್ಲ, ಒಂದು ಖಾಲಿ ದಿನ. ಅದನ್ನು ಕೊಡಲಾಗದವನು ಎಂಥ ಗಂಡಸು?

ಆದರೆ ಕೊಡುವುದು ಹೇಗೆ? ಎಲ್ಲಾದರೂ ನಾಲ್ಕು ದಿನ ಹೋಗೋಣವೆಂದರೆ ಚಿತ್ತಾಪುರದಲ್ಲಿ ಅವಳ ಅಕ್ಕ, ಕಾಳಗಿಯಲ್ಲಿ ನನ್ನ ತಮ್ಮ, ಕುರಕುಂಟಾದಲ್ಲಿ ಸೋದರಮಾವ. ಲಾಡ್ಜಿನಲ್ಲಿ ಇಳಿದರೆ ಜನ್ಮಕ್ಕಾಗುವಷ್ಟು ಮುನಿಸು. ಅವರ ಮನೆಗೇ ಹೋದರೆ, "ಅತ್ತಿಗಿ ಕೈ ಚಾ ಕುಡದು ವರ್ಷಾತು" ಎಂದು ಅಲ್ಲೂ ಅವಳನ್ನೇ ಒಲೆಯ ಮುಂದೆ ನಿಲ್ಲಿಸುತ್ತಾರೆ. ಆಗ ಮೊಬೈಲಿನಲ್ಲಿ ಮನೆಗಾಡಿ ಕಂಡಿತು. ಯಾವುದೋ ದೇಶದ ಮುದುಕ ಮುದುಕಿ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ತಮ್ಮ ಪಾಡಿಗೆ ತಾವು ಕುಳಿತಿದ್ದರು. ಒಬ್ಬ ನೆಂಟನೂ ಸುತ್ತಮುತ್ತ ಕಾಣಲಿಲ್ಲ. ಚಿಂಚೋಳಿಯ ಕಾಡಿನ ಕಡೆಗೆ ನಾವೂ ಹೀಗೆಯೇ ಹೋಗಬೇಕೆಂದು ಅಂದೇ ನಿಶ್ಚಯಿಸಿದೆ. ಹೊಸ ಗಾಡಿಯ ದರ ಕೇಳಿದಾಗ ಮೊಬೈಲನ್ನೇ ಕೆಳಗಿಟ್ಟೆ. ಡೀಸೆಲ್‌ನ ಹಳೆಯ ಗಾಡಿಗಳೂ ನನ್ನ ಕೈಗೆ ಎಟುಕುವಂತಿರಲಿಲ್ಲ. ನನ್ನ ಶಕ್ತಿಗೆ ಉಳಿದದ್ದು ಹಳೆಯದು, ಅದೂ ಪೆಟ್ರೋಲಿನದು.

ಶಹಾಬಾದಿನ ಮೆಹಬೂಬ್ ಮಿಸ್ತ್ರಿ ನನ್ನ ಹಳೆಯ ಗೆಳೆಯ. ಸೇಡಂನಲ್ಲಿ ಒಂದು ಗಾಡಿ ಮಾರಾಟಕ್ಕಿದೆಯೆಂದು ಪತ್ತೆ ಹಚ್ಚಿಕೊಟ್ಟವನೂ ಅವನೇ. ನೋಡಲು ಹೋಗುವ ದಿನವೇ ಅವನ ಮನೆಯಲ್ಲಿ ಮದುವೆಯಿದ್ದುದರಿಂದ ನನಗೆ ಮೂರು ಪಾಠ ಹೇಳಿ ಕಳಿಸಿದ. "ಒಂದು, ಟಪ್ಪಿನ ಮ್ಯಾಲ ನಾಕ್ ಕೊಡ ನೀರು ಹಾಕ್ರಿ, ಒಳಗ ಸೋರ್ತದೇನು ನೋಡ್ರಿ. ಎರಡು, ಟಾಯರಿನ ಗೆರಿ ನೋಡಿ ಖುಷಿ ಆಗಬ್ಯಾಡ್ರಿ, ಹುಟ್ಟಿದ ವರ್ಷ ಓದ್ರಿ. ಮೂರನೇದು ಖಾಸ್ ಮಾತು ಸಾಹೇಬ್ರ, ಇಂಜಿನ್ ತಣ್ಣಗ ಇದ್ದಾಗ ಚಾಲೂ ಮಾಡಿಸ್ರಿ. ಹೋದ ಕೂಡ್ಲೇ ಬಾನೆಟ್ ಮ್ಯಾಲ ಕೈ ಇಡ್ರಿ. ಬೆಚ್ಚಗಿದ್ರ ಅವ ಮೊದಲೇ ಚಾಲೂ ಮಾಡಿ ಇಟ್ಟಾನ ಅಂತ ತಿಳ್ಕೊಂಡು ವಾಪಸ್ ಬರ್ರಿ."

ಚಿನ್ನದಂಥ ಮಾತು. ಆದರೆ ನಾನು ಸೇಡಂ ಮುಟ್ಟಿದ್ದು ಮೇ ತಿಂಗಳ ಮಧ್ಯಾಹ್ನ ಹನ್ನೆರಡು ಗಂಟೆಗೆ. ಗಾಡಿ ಬಯಲಿನಲ್ಲಿ ನಿಂತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟೆ, ರೊಟ್ಟಿಯ ಹಂಚು ಮುಟ್ಟಿದಂತಾಗಿ ಕೈ ತೆಗೆದೆ. ಹಿಂದಿನ ಬಾಗಿಲು ಮುಟ್ಟಿದೆ, ಅದೂ ಸುಡುತ್ತಿತ್ತು. ಪಕ್ಕದ ಕಲ್ಲಿನ ಕಟ್ಟೆ ಮುಟ್ಟಿದೆ, ಸುಡುತ್ತಿತ್ತು. ನನ್ನ ಬೋಳು ತಲೆ ಮುಟ್ಟಿಕೊಂಡೆ, ಅದು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು. ಇಂಜಿನ್ನನ್ನು ಮೊದಲೇ ಚಾಲೂ ಮಾಡಿದ್ದರೋ ಇಲ್ಲವೋ ಎಂದು ಬಾನೆಟ್ ಮುಟ್ಟಿ ತಿಳಿಯುವುದು ತಂಪು ಊರಿನವರ ವಿದ್ಯೆ. ನಮ್ಮ ಬಿಸಿಲಿನಲ್ಲಿ ಮೂರು ವರ್ಷದಿಂದ ನಿಂತ ಗಾಡಿಯೂ ಈಗ ತಾನೇ ಹೈದರಾಬಾದಿನಿಂದ ಬಂದಂತೆ ಬಿಸಿಯಾಗಿರುತ್ತದೆ. ಇದು ಮಿಸ್ತ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮಾರುವವರು ವೆಂಕಟರೆಡ್ಡಿ ಎಂಬ ಹಿರಿಯರು. ಗಾಡಿ ಮೊದಲು ಹಳ್ಳಿಹಳ್ಳಿಗೆ ಹೋಗಿ ಕಣ್ಣು ಪರೀಕ್ಷೆ ಮಾಡುತ್ತಿತ್ತಂತೆ. ಒಳಗೆ ಮಲಗಲು ಉದ್ದನೆಯ ಬೆಂಚು, ಕೈ ತೊಳೆಯಲು ತೊಟ್ಟಿ, ಒಲೆಯಿಡಲು ಕಟ್ಟೆ. ಗೋಡೆಗೆ ದೊಡ್ಡದರಿಂದ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ. ಹೊರಗೆ ಎರಡೂ ಬದಿಗೆ ಚಕ್ಕಡಿಯ ಗಾಲಿಯಷ್ಟು ದೊಡ್ಡದಾಗಿ ಬಣ್ಣದಲ್ಲಿ ಬರೆದ ಒಂದೊಂದು ಕಣ್ಣು. "ಒಮ್ಮೆ ಕೂತು ನೋಡ್ರಿ ಸಾರ್, ಹಾಲು ಕುಡದ ಕೂಸಿನಂಗ ಅದ" ಎಂದು ಅವರು ಕೀಲಿ ತಿರುಗಿಸಿದರು. ಕೂಸು ಒಂದೇ ಏಟಿಗೆ ಎದ್ದಿತು. ನೀರು ಹಾಕಿಸಿದೆ, ಒಂದೇ ಮೂಲೆಯಲ್ಲಿ ಸೋರಿತು. ಟಾಯರಿನ ವರ್ಷ ಓದಲು ಹೋದೆ, ಕನ್ನಡಕ ಮರೆತು ಬಂದಿದ್ದೆ. ಆದರೂ ಕೊಂಡೆ. ಆ ಬೆಂಚಿನ ಮೇಲೆ ಶಾಂತಾಬಾಯಿ ಕಾಲು ಚಾಚಿ ಕುಳಿತದ್ದು ನನಗೆ ಆಗಲೇ ಕಂಡುಬಿಟ್ಟಿತ್ತು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ತಂಪಿನಲ್ಲಿ ಕೀಲಿ ತಿರುಗಿಸಿದರೆ ಕೂಸು ಏಳಲಿಲ್ಲ. ಮಿಸ್ತ್ರಿ ಬಂದ, ಬಾನೆಟ್ ತೆಗೆದ, "ಯಾ ಅಲ್ಲಾ" ಎಂದ. ಆಮೇಲೆ ನಿಧಾನವಾಗಿ ಹೇಳಿದ: "ಬಿಸಲಾಗ ಚಲೋ ಅದ ಸಾಹೇಬ್ರ. ತಣ್ಣಗಾತಂದ್ರ ದೂಕಬೇಕು." ಓಣಿಯವರು ಬಾಯಿ ತುಂಬ ನಕ್ಕರು. ಪೆಟ್ರೋಲ್ ಗಾಡಿ ಎಂದು ತಿಳಿದ ಮೇಲೆ ಇನ್ನೊಮ್ಮೆ ನಕ್ಕರು. ನಗಲಿ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎಂಟು ತಿಂಗಳು ಬಿಸಿಲು. ಎಂಟು ತಿಂಗಳು ನಡೆಯುವ ಗಾಡಿಗೆ ಕೆಟ್ಟ ಗಾಡಿ ಎನ್ನುವವರು ತಾವು ವರ್ಷಕ್ಕೆ ಎಷ್ಟು ತಿಂಗಳು ದುಡಿಯುತ್ತಾರೆಂದು ಹೇಳಲಿ. ಹೊರಗಿನ ಕಣ್ಣುಗಳನ್ನು ಅಳಿಸಲು ತಂದ ಬಣ್ಣ ಒಂದೇ ಬದಿಗೆ ಸಾಕಾಯಿತು. ಅದಕ್ಕೂ ನಕ್ಕರು.

ಮಿಸ್ತ್ರಿ ಅಲ್ಲಿಷ್ಟು ಇಲ್ಲಿಷ್ಟು ಬಿಗಿದುಕೊಟ್ಟ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಬಿಸಿಲೇರಿದಾಗ ನಾವು ಚಿಂಚೋಳಿಗೆ ಹೊರಟೆವು. ಯಾವ ನೆಂಟರಿಗೂ ಹೇಳಲಿಲ್ಲ. ಚಿತ್ತಾಪುರದಲ್ಲಿ ಅವಳ ಅಕ್ಕನ ಮನೆಯ ಓಣಿ ಬಂದಾಗ ಶಾಂತಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಬಗ್ಗಿ ಕುಳಿತಳು. ಊರು ದಾಟಿದ ಮೇಲೆ ಎದ್ದು ನಕ್ಕಳು. ಆ ನಗೆಗೆ ಇನ್ನೆರಡು ಹಳೆಯ ಗಾಡಿ ಕೊಳ್ಳಬಹುದಿತ್ತು. ಗುಂಡಗುರ್ತಿಯ ಹತ್ತಿರ ದೊಡ್ಡ ಬೇವಿನ ಮರ ಕಂಡು, "ಇಲ್ಲಿ ನೆರಳದ, ನಿಲ್ಲಸ್ರಿ" ಎಂದಳು. ಕಟಿರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ ಬಿಚ್ಚಿದೆವು. ಉಂಡು ಅವಳು ಬೆಂಚಿನ ಮೇಲೆ ಕಾಲು ಚಾಚಿ ಮಲಗಿದಳು. ನಾನು ಕಾವಲುಗಾರನಂತೆ ಬಾಗಿಲಲ್ಲಿ ಕುಳಿತೆ. ಎರಡು ತಾಸು ಯಾರೂ ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಎರಡು ತಾಸಿನ ನೆರಳಿನಲ್ಲಿ ಇಂಜಿನ್ ಮಾತ್ರ ಚೆನ್ನಾಗಿ ತಣ್ಣಗಾಗಿತ್ತು.

ತೊಗರಿ ರಾಶಿ ಮುಗಿಸಿ ಬರುತ್ತಿದ್ದ ಹತ್ತು ಹನ್ನೆರಡು ಜನ ಕೂಲಿಯವರು ತಾವಾಗಿಯೇ ನಿಂತರು. ನಾನು ಕೈ ಮುಗಿಯುವ ಮೊದಲೇ ದೂಕಿದರು. ಗಾಡಿ ಚಾಲೂ ಆಯಿತು. ಕಿಸೆಗೆ ಕೈ ಹಾಕಿದರೆ ಅವರಲ್ಲಿ ಹಿರಿಯನೊಬ್ಬ ನನ್ನ ಕೈ ಹಿಡಿದ. "ರೊಕ್ಕ ಯಾಕ್ರಿ ಅಪ್ಪಾರ? ಒಳಗ ಒಲಿ ಕಾಣ್ಲಿಕತ್ತದ. ಒಂದೀಟು ಚಾ ಕುಡಸ್ರಿ, ಸಾಕು."

ಶಾಂತಾಬಾಯಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ. ಎದ್ದು ಒಲೆ ಹೊತ್ತಿಸಿದಳು. ಇಂಜಿನ್ ಆರಿಸುವಂತಿರಲಿಲ್ಲ. ಮುಂದೆ ಪೆಟ್ರೋಲ್ ಉರಿಯುತ್ತಿತ್ತು, ಹಿಂದೆ ಗ್ಯಾಸ್ ಉರಿಯುತ್ತಿತ್ತು, ನಡುವೆ ಅವಳು ಉರಿಯುತ್ತಿದ್ದಳು. ಅಷ್ಟರಲ್ಲಿ ಗಾಡಿಯ ಮೇಲೆ ಉಳಿದಿದ್ದ ಒಂದು ಕಣ್ಣನ್ನು ಕಂಡು ಅವರ ಜೊತೆಯ ಮುದುಕಿಯೊಬ್ಬಳು ಒಳಗೆ ಬಂದು ಹಲಗೆಯ ಎದುರು ಕುಳಿತಳು. "ದಾಕ್ಟರ್ ಸಾಹೇಬ್ರ, ಎಡಗಣ್ಣು ಮಂಜಾಗ್ಯದ" ಎಂದಳು. ನಾನು ಡಾಕ್ಟರಲ್ಲವೆಂದು ಅವಳಿಗೆ ತಿಳಿಹೇಳುವಷ್ಟರಲ್ಲಿ ಎರಡನೇ ಸುತ್ತಿನ ಚಾ ಆಯಿತು, ಪೆಟ್ರೋಲಿನ ಮುಳ್ಳು ಕೆಳಗೆ ಬಿತ್ತು. ಚಿಂಚೋಳಿ ಅಲ್ಲೇ ಉಳಿಯಿತು. ತಿರುಗಿ ಬರುವಾಗ ಅವಳು ಚಿತ್ತಾಪುರದಲ್ಲಿ ಬಗ್ಗಿಯೂ ಕೂರಲಿಲ್ಲ. ಊರೆಲ್ಲ ನಕ್ಕಾಗ ಸೋಲದ ನಾನು ಆ ದಾರಿಯಲ್ಲಿ ನಿಜಕ್ಕೂ ಸೋತೆ.

ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದೆ. ಅದು ಅಲ್ಲೇ ನಿಂತಿತು. ಮಾರಿಬಿಡು ಎಂದು ಇಡೀ ವಾಡಿಯೇ ಹೇಳಿತು, ನಾನು ಒಪ್ಪಲಿಲ್ಲ. ಒಂದು ದಿನ ರೈಲು ತಪ್ಪಿದ ನಾಲ್ವರು ನೆಂಟರು ಬಂದರು. ಮನೆಗಾಡಿ ನೋಡಬೇಕೆಂದರು. ನನಗೂ ಅಭಿಮಾನ, ಒಳಗೆ ಕೂರಿಸಿ ಬೆಂಚು, ತೊಟ್ಟಿ, ಕಟ್ಟೆ ಎಲ್ಲ ತೋರಿಸಿದೆ. ಅವರಿಗೆ ಭಾರಿ ಖುಷಿಯಾಯಿತು. ಕಿಟಕಿಯಿಂದ ಸ್ಟೇಷನ್ ಕಾಣುತ್ತದೆ, ರೈಲಿನ ಸದ್ದು ಕೇಳುತ್ತದೆ, ಏಳುವ ಮನಸ್ಸೇ ಇಲ್ಲ. ಶಾಂತಾಬಾಯಿ ಹೊಸ್ತಿಲಲ್ಲಿ ನಿಂತು ಒಂದು ಗಳಿಗೆ ಇದನ್ನೆಲ್ಲ ನೋಡಿದಳು. ಒಳಗೆ ಹೋಗಿ ಚಾಪುಡಿಯ ಡಬ್ಬಿ, ಸಕ್ಕರೆ ಡಬ್ಬಿ, ಹಾಲಿನ ಪಾತ್ರೆ, ಹನ್ನೆರಡು ಕಪ್ಪು ತಂದು ನನ್ನ ಕೈಗಿಟ್ಟಳು. "ಇನ್ನ ಬಂದವರ್ನೆಲ್ಲ ಇಲ್ಲೇ ಕುಂದರಸ್ರಿ. ನಾ ಮನ್ಯಾಗ ಅದೀನಿ" ಎಂದು ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಸುದ್ದಿ ಹಬ್ಬಿದೆ. ನೆಂಟರು ಈಗ ನೇರವಾಗಿ ಗಾಡಿಗೇ ಬರುತ್ತಾರೆ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಶುಂಠಿ ಬೇಕು ಎಂಬುದು ನನಗೆ ಬಾಯಿಪಾಠವಾಗಿದೆ. ಮನೆಗಾಡಿ ಕೊಂಡು ನಾನು ಮೋಸ ಹೋದೆನೆಂದು ಹೇಳುವವರು ಈಗ ಬಂದು ನಮ್ಮ ಮನೆಯ ಮುಚ್ಚಿದ ಬಾಗಿಲು ನೋಡಲಿ. ಒಳಗೆ ಒಬ್ಬಳು ಹೆಂಗಸು ಕಾಲು ಚಾಚಿ ಕುಳಿತು, ತನಗೆ ಬೇಕಾದಾಗ ತನಗಷ್ಟೇ ಚಾ ಮಾಡಿಕೊಂಡು ಕುಡಿಯುತ್ತಿದ್ದಾಳೆ. ನಾನು ಕೊಡುತ್ತೇನೆಂದದ್ದು ಒಂದು ದಿನ, ಕೊಟ್ಟದ್ದು ದಿನಾಲೂ. ಎದೆ ತಟ್ಟಿ ಹೇಳುತ್ತೇನೆ, ವಾಡಿಯಲ್ಲಿ ಇಂಥ ವ್ಯಾಪಾರ ಯಾರೂ ಮಾಡಿಲ್ಲ.

ನಿನ್ನೆ ಎರಡು ರೈಲು ಒಟ್ಟಿಗೆ ತಡವಾದವು. ಹನ್ನೊಂದು ಜನರಿಗೆ ಚಾ ಮಾಡಿ, ಕಪ್ಪು ತೊಳೆದು, ಸೊಂಟ ಹಿಡಿದುಕೊಂಡು ಬಂದು ನಮ್ಮ ಬಾಗಿಲು ಬಡಿದೆ. ಒಳಗಿನಿಂದ ಶುಂಠಿಯ ಘಮ ಬರುತ್ತಿತ್ತು.

"ಯಾರು?"

"ನಾನು. ನನಗೊಂದು ಕಪ್ಪು ಚಾ."

ಒಳಗೆ ಬಸಿಯ ಮೇಲೆ ಕಪ್ಪು ಇಟ್ಟ ಸದ್ದಾಯಿತು. ಆಮೇಲೆ ಬಾಗಿಲು ತೆರೆಯದೆಯೇ, ಬಹಳ ಮರ್ಯಾದೆಯಿಂದ ಉತ್ತರ ಬಂತು:

"ಚಾ ಗಾಡ್ಯಾಗ ಸಿಗ್ತದ್ರಿ."