ರಿಟರ್ನ್ ಬಂದ ಲಕ್ಷ್ಮಿಯರು

ಲಕ್ಷ್ಮಿ ಚಂಚಲೆ, ಒಂದು ಕಡೆ ನಿಲ್ಲುವವಳಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ವೆಂಕಟಾಚಲನ ಮನೆಯನ್ನು ನೋಡಿರಲಿಲ್ಲ. ಅಲ್ಲಿ ಲಕ್ಷ್ಮಿ ಬಂದು ನಿಂತಿದ್ದಳು, ಅದೂ ಒಬ್ಬಳಲ್ಲ, ಹನ್ನೊಂದು ಜನ. ಇಬ್ಬರು ಸೋಫಾದ ಮೇಲೆ, ಮೂವರು ಊಟದ ಮೇಜಿನ ಮೇಲೆ, ಒಬ್ಬಳು ಫ್ರಿಜ್ಜಿನ ನೆತ್ತಿಯ ಮೇಲೆ, ಒಬ್ಬಳು ಸರಿಯಾಗಿ ಟೀವಿಗೆ ಅಡ್ಡವಾಗಿ. ಉಳಿದ ನಾಲ್ವರು ಮಲಗುವ ಕೋಣೆಯಲ್ಲಿ ವೆಂಕಟಾಚಲನ ಮಂಚವನ್ನು ಹಂಚಿಕೊಂಡಿದ್ದರು. ಇಷ್ಟೆಲ್ಲ ಲಕ್ಷ್ಮಿಯರಿದ್ದೂ ಮನೆಯಲ್ಲಿ ಕಾಸಿಗೆ ಬರ. ಇದ್ದಬದ್ದದ್ದೆಲ್ಲ ಇವರ ನೈವೇದ್ಯದ ತುಪ್ಪ, ಗೋಡಂಬಿಗೆ ಹೋಗುತ್ತಿತ್ತು.

ವೇದಾ ವೆಂಕಟಾಚಲನ ಹೆಂಡತಿ. (ವೆಂಕಟಾಚಲ ವೇದಾಳ ಗಂಡ ಎಂದರೆ ಇನ್ನೂ ಸರಿ.) ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಆಕೆ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ವರಮಹಾಲಕ್ಷ್ಮಿಯನ್ನು ಮಾರುತ್ತಿದ್ದಳು. ಮುಖ, ಕೈ, ಜಡೆ, ನತ್ತು ಎಲ್ಲ ಜೋಡಿಸಿ, ಸೀರೆ ಉಡಿಸಿ, ಪೆಟ್ಟಿಗೆ ತೆರೆದು ಕೂರಿಸಿದರೆ ಪೂಜೆ ಶುರು ಎನ್ನುವಂಥ ಸಿದ್ಧ ಲಕ್ಷ್ಮಿ. ಹಬ್ಬದ ದಿನ ಬೆಳಗಿನ ಜಾವ ಎದ್ದು ಕಳಶಕ್ಕೆ ಸೀರೆ ಸುತ್ತಿ ಸೊಂಟ ಹಿಡಿಸಿಕೊಂಡಿದ್ದ ಗೃಹಿಣಿಯರು ಅದನ್ನು ಕಣ್ಣಿಗೊತ್ತಿಕೊಂಡು ಕೊಂಡರು. ನೆರಿಗೆ ಹಿಡಿಯುವ ಖಾತೆ ವೆಂಕಟಾಚಲನದು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಸೀರೆಗೆ ಅವನು ಪ್ರೀತಿಯಿಂದ ನೆರಿಗೆ ಹಿಡಿದುಕೊಟ್ಟಿದ್ದ. ಈಗ ಸಗಟು ಲೆಕ್ಕದಲ್ಲಿ ಹಿಡಿಯುತ್ತಿದ್ದ.

ಹಬ್ಬದ ಶುಕ್ರವಾರ ಮುಗಿಯಿತು. ಶನಿವಾರ ಬೆಳಿಗ್ಗೆ ವೇದಾಳ ಮೊಬೈಲು ಟಿಂಗೆಂದಿತು. ರಿಟರ್ನ್. ಕಾಫಿ ಲೋಟ ಕೆಳಗಿಡುವುದರೊಳಗೆ ಮತ್ತೆ ಟಿಂಗೆಂದಿತು. ಸಂಜೆಯ ಹೊತ್ತಿಗೆ ಹನ್ನೊಂದು ಜನ ಲಕ್ಷ್ಮಿಯನ್ನು ವಾಪಸ್ ಕಳಿಸುವುದಾಗಿ ಹೇಳಿ ದುಡ್ಡು ಕೇಳಿದ್ದರು. ಎಲ್ಲರ ಕಾರಣವೂ ಒಂದೇ: ಬಂದ ಲಕ್ಷ್ಮಿಯ ಮೂಗು ಮುರಿದಿದೆ. ಒಬ್ಬಾಕೆ ಮಾತ್ರ ಸ್ವಲ್ಪ ಹೆಚ್ಚು ಬರೆದಿದ್ದಳು: ಮೂಗು ಮುರಿದಿರುವುದಲ್ಲದೆ, ಫೋಟೊದಲ್ಲಿ ನಗುತ್ತಿದ್ದವಳು ನಮ್ಮ ಮನೆಗೆ ಬಂದ ಮೇಲೆ ನಗುತ್ತಿಲ್ಲ.

"ಅವರ ಮನೆಗೆ ಹೋದ್ರೆ ಯಾರು ತಾನೆ ನಗ್ತಾರೆ," ಎಂದಳು ವೇದಾ.

ಯಾರ ಮೂಲಕ ಮಾರುತ್ತಿದ್ದಳೋ ಆ ಆನ್‌ಲೈನ್ ಕಂಪನಿಗೆ ಆಕೆ ಉದ್ದುದ್ದ ಬರೆದಳು. ಅಲ್ಲಿಂದ ಉತ್ತರ ಕೊಡುತ್ತಿದ್ದುದು ಮನುಷ್ಯನಲ್ಲ, ಯಂತ್ರ. ನಿಮ್ಮ ನೋವು ನಮಗೆ ಅರ್ಥವಾಗುತ್ತದೆ ಎಂದಿತು. ಮೂಗು ಇತ್ತು ಎನ್ನುವುದಕ್ಕೆ ಪುರಾವೆ ಕೊಡಿ ಎಂದಿತು. ಮೂಗಿನ ಫೋಟೊ ಕಳಿಸಿದರೆ, ಇದು ಆ ಮೂಗೇ ಎನ್ನುವುದಕ್ಕೆ ಪುರಾವೆ ಕೊಡಿ ಎಂದಿತು. ಕೊನೆಗೆ ಹನ್ನೊಂದು ದೂರನ್ನೂ ಒಪ್ಪಿಕೊಂಡು, ವೇದಾಳ ಲೆಕ್ಕದಿಂದಲೇ ದುಡ್ಡು ಕಿತ್ತು ಕೊಟ್ಟು, ಹನ್ನೆರಡನೆಯದೊಂದು ಪರಿಶೀಲನೆಯಲ್ಲಿದೆ, ಅದೂ ನಿಜವಾದರೆ ನಿಮ್ಮ ಅಂಗಡಿಯನ್ನು ಮುಚ್ಚಲಾಗುವುದು, ನಿಮ್ಮ ದಿನ ಶುಭವಾಗಿರಲಿ ಎಂದಿತು.

ಅಷ್ಟರಲ್ಲಿ ವಾಪಸಾದ ಲಕ್ಷ್ಮಿಯರ ಆಗಮನ ಶುರುವಾಯಿತು. ಕೊರಿಯರ್ ತರುವ ಹೊಳಲೂರಿನ ಆನಂದ ಮೊದಲ ಪೆಟ್ಟಿಗೆ ತಂದು ಬಾಗಿಲಲ್ಲಿಟ್ಟ. ಅದನ್ನು ಬಿಚ್ಚಿದವರು ವೆಂಕಟಾಚಲನ ತಾಯಿ ಶರಾವತಮ್ಮ. ಲಕ್ಷ್ಮಿಯ ಮೂಗು ನೆಟ್ಟಗೆ ಇತ್ತು. ಹಣೆಯಲ್ಲಿ ಕುಂಕುಮ, ಜಡೆಯಲ್ಲಿ ಅಕ್ಷತೆ, ತುಟಿಯ ಅಂಚಿನಲ್ಲಿ ಒಂದಿಷ್ಟು ಹೋಳಿಗೆಯ ಹೂರಣವೂ ಇತ್ತು. ಶರಾವತಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು.

"ಇದು ಸಾಮಾನಲ್ಲ ಕಣೇ ವೇದಾ. ಪೂಜೆ ಆದ ಲಕ್ಷ್ಮಿ ಇವಳು. ಕದಲಿಸಿಲ್ಲ, ಹೋಗಿ ಬಾ ತಾಯಿ ಅಂತ ಒಂದು ಮಾತು ಹೇಳಿಲ್ಲ, ಹಾಗೇ ಡಬ್ಬಕ್ಕೆ ತುರುಕಿದಾರೆ."

"ಹಾಗಾದ್ರೆ ನೀವೇ ಕದಲಿಸಿಬಿಡಿ ಅತ್ತೆ. ಒರೆಸಿ ಇನ್ನೊಬ್ಬರಿಗೆ ಕಳಿಸ್ತೀನಿ."

"ಕರೆದವರೇ ಕಳಿಸ್ಬೇಕು. ಅವರು ಬಂದು ಕರ್ಕೊಂಡು ಹೋಗೋ ತನಕ ಇವಳು ನಮ್ಮನೆ ಅತಿಥಿ. ಆರತಿ ತಟ್ಟೆ ತಗೊಂಡು ಬಾ."

ಹೀಗೆ ಪ್ರತಿ ಪೆಟ್ಟಿಗೆಗೂ ಹೊಸಿಲಲ್ಲಿ ಆರತಿಯಾಯಿತು. ಪೆಟ್ಟಿಗೆ ಹಿಡಿದು ನಿಂತ ತಪ್ಪಿಗೆ ಆನಂದನಿಗೂ ಆಯಿತು. "ಅಮ್ಮ, ನಂಗೆ ಇನ್ನೂ ಸುಮಾರು ಮನೆ ಇದೆ," ಎಂದು ಅವನು ಗೋಗರೆದರೆ, "ಲಕ್ಷ್ಮಿನ ಹೊತ್ತು ತಂದೋನು ಬರೀ ಹೊಟ್ಟೇಲಿ ಹೋಗ್ಬಾರ್ದು," ಎಂದು ಶರಾವತಮ್ಮ ಪಾಯಸ ಬಡಿಸಿದರು. ಆಮೇಲಾಮೇಲೆ ಅವನು ಆ ಬೀದಿಯ ಪಾರ್ಸಲ್‌ಗಳನ್ನೆಲ್ಲ ಊಟದ ಹೊತ್ತಿಗೇ ಇಟ್ಟುಕೊಂಡ.

ವೆಂಕಟಾಚಲನ ಪಾಡು ಮಾತ್ರ ಯಾರಿಗೂ ಬೇಡ. ಲಕ್ಷ್ಮಿಗೆ ಬೆನ್ನು ತೋರಿಸಬಾರದು. ಹನ್ನೊಂದು ಲಕ್ಷ್ಮಿಯರಿರುವ ಮನೆಯಲ್ಲಿ ಯಾವ ಕಡೆ ತಿರುಗಿದರೂ ಯಾರಿಗಾದರೂ ಬೆನ್ನು ತೋರಿಸಿದಂತೆಯೇ. ಅವನು ಗೋಡೆಗೆ ಬೆನ್ನು ಸವರಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ಕಲಿತ. ಈರುಳ್ಳಿ ಬಂದ್ ಆಯಿತು. ಕ್ರಿಕೆಟ್ ಬಂದ್ ಆಯಿತು. (ಲಕ್ಷ್ಮಿಯ ಜಡೆಯ ಸಂದಿಯಲ್ಲಿ ಒಂದು ಮ್ಯಾಚ್ ನೋಡಲು ಹೋಗಿ ಸಿಕ್ಕಿಬಿದ್ದು ಬೈಸಿಕೊಂಡಿದ್ದ.) ಮಲಗುವುದು ಅಡುಗೆಮನೆಯ ನೆಲದ ಮೇಲೆ, ಗ್ಯಾಸ್ ಸಿಲಿಂಡರಿನ ಪಕ್ಕ.

ಇದೆಲ್ಲವನ್ನೂ ಅವನು ಸಹಿಸಿಕೊಂಡಿದ್ದ. ಆದರೆ ಒಂದು ಸಂಜೆ ವೇದಾ ಖಾಲಿ ಪೆಟ್ಟಿಗೆಗಳ ನಡುವೆ ಸುಮ್ಮನೆ ಕೂತಿದ್ದಳು. ವೇದಾ ಸುಮ್ಮನೆ ಕೂರುವವಳೇ ಅಲ್ಲ. ಬೈಯುತ್ತಾಳೆ, ಇಲ್ಲವೆ ಕೆಲಸ ಹೇಳುತ್ತಾಳೆ. "ಅಂಗಡಿ ಹೋದ್ರೆ ನಾನೇನ್ ಮಾಡ್ಲಿ ರೀ," ಎಂದಳು ಮೆಲ್ಲಗೆ. ವೆಂಕಟಾಚಲ ಆಕೆಯ ಪಕ್ಕ ಕೂತು, ದೂರಿನ ಜೊತೆ ಬಂದಿದ್ದ ಫೋಟೊಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಹಿಗ್ಗಿಸಿ ನೋಡಿದ. ಹನ್ನೆರಡು ದೂರಿಗೂ ಒಂದೇ ಫೋಟೊ. ಅದೇ ಮುರಿದ ಮೂಗು, ಹಿಂದೆ ಗೋಡೆಗೆ ಅದೇ ಕ್ಯಾಲೆಂಡರು, ಅದರ ಮೇಲೆ ಭದ್ರಾವತಿಯ ಅಕ್ಕಿ ಗಿರಣಿಯೊಂದರ ಹೆಸರು. ವಿಳಾಸಗಳನ್ನು ನೋಡಿದರೆ ಹನ್ನೆರಡೂ ಭದ್ರಾವತಿಯವೇ.

ಪರಿಶೀಲನೆಯಲ್ಲಿದ್ದ ಹನ್ನೆರಡನೆಯ ದೂರು ಪದ್ಮಮ್ಮ ಎಂಬಾಕೆಯದು. ದೂರು ಕೊಟ್ಟಿದ್ದಳೇ ಹೊರತು ಲಕ್ಷ್ಮಿಯನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಶ್ರಾವಣದಲ್ಲಿ ಇನ್ನೂ ಶುಕ್ರವಾರ ಉಳಿದಿದ್ದವಲ್ಲ.

"ನಾಳೆ ನಾನೇ ಭದ್ರಾವತಿಗೆ ಹೋಗ್ತೀನಿ," ಎಂದು ವೆಂಕಟಾಚಲ ಘೋಷಿಸಿದ.

"ಹೋಗಿ, ಆದ್ರೆ ಅವರು ಕೊಟ್ಟಿದ್ದು ತಿಂದ್ಕೊಂಡು ಬರಬೇಡಿ," ಎಂದಳು ವೇದಾ. ಆಕೆಗೆ ಗಂಡನ ಬಲಾಬಲ ಗೊತ್ತಿತ್ತು.

ದಂಡಯಾತ್ರೆಗೆ ಹೊರಟವನಿಗೆ ಪ್ಯಾಂಟು ಸಿಗಲಿಲ್ಲ. ಪ್ಯಾಂಟುಗಳಿದ್ದ ಬೀರು ನಾಲ್ವರು ಲಕ್ಷ್ಮಿಯರ ಹಿಂದೆ ಸಿಕ್ಕಿಕೊಂಡಿತ್ತು. ಹಾಗಾಗಿ ಪಂಚೆ ಉಟ್ಟು ಶಲ್ಯ ಹೊದ್ದು ಬಸ್ ಹತ್ತಿದ. ಅಮ್ಮ ಹಣೆಗೆ ಇಟ್ಟ ಕುಂಕುಮವೂ ಇತ್ತು.

ಪದ್ಮಮ್ಮನ ಮನೆ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಆಕೆಯ ಗಂಡ, ನಿವೃತ್ತ ಫಿಟ್ಟರ್ ಕೆಂಚಪ್ಪ, ಜಗುಲಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಲಕ್ಷ್ಮಿಯ ವಿಷಯ ಮಾತಾಡಬೇಕು ಎಂದದ್ದೇ ತಡ, "ಪದ್ಮಾ, ಭಟ್ರು ಬಂದಿದಾರೆ ನೋಡು," ಎಂದು ಕೂಗಿದರು. ವೆಂಕಟಾಚಲ ತಾನು ಭಟ್ಟನಲ್ಲ ಎನ್ನುವಷ್ಟರಲ್ಲಿ ಒಳಗೆ ಮಣೆ ಬಿದ್ದಿತ್ತು, ತಟ್ಟೆಯಲ್ಲಿ ತಂಬಿಟ್ಟು ಬಂದಿತ್ತು. ಅವನು ತಿಂದ. ತಿನ್ನುತ್ತ ನೋಡಿದರೆ ಎದುರಿಗೇ ಲಕ್ಷ್ಮಿ, ಅವನೇ ಹಿಡಿದ ನೆರಿಗೆ, ನತ್ತು ತೂಗುವ ಗಟ್ಟಿ ಮೂಗು. ಹಿಂದೆ ಗೋಡೆಯಲ್ಲಿ ಅಕ್ಕಿ ಗಿರಣಿಯ ಕ್ಯಾಲೆಂಡರು.

"ಈ ಲಕ್ಷ್ಮಿಗೆ ಮೂಗು ಮುರಿದಿದೆ ಅಂತ ಬರೆದಿದೀರಂತೆ ತಾಯಿ?"

"ಮುರಿದೇ ಬಂತು ಸ್ವಾಮಿ."

"ಅಲ್ಲೇ ಇದೆಯಲ್ಲ ಮೂಗು."

"ಆಮೇಲೆ ಸರಿ ಹೋಯ್ತು," ಎಂದರು ಪದ್ಮಮ್ಮ, ಕಣ್ಣು ಮಿಟುಕಿಸದೆ. "ದೇವ್ರಲ್ವಾ."

"ಆ ಮುರಿದ ಮೂಗು ನಮ್ಮ ಮೊಮ್ಮಗಳ ಗೊಂಬೇದು," ಎಂದರು ಕೆಂಚಪ್ಪ ಜಗುಲಿಯಿಂದ. "ಫೋಟೊ ತೆಗೆದೋನು ನಾನೇ. ಇವಳ ಗ್ರೂಪಿನ ಹೆಂಗಸರೆಲ್ಲ ಅದನ್ನೇ ಹಾಕಿದ್ರು."

"ನೀವು ಪೇಪರ್ ಓದ್ರಿ ಮಾರಾಯ್ರೆ." ಪದ್ಮಮ್ಮ ಇತ್ತ ತಿರುಗಿದರು. "ಎಲ್ಲರೂ ಮಾಡ್ತಾರೆ ಸ್ವಾಮಿ. ದೊಡ್ಡ ಕಂಪನಿ ದುಡ್ಡು, ಯಾರಪ್ಪನ ಗಂಟು ಹೋಗುತ್ತೆ?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಕಾನೂನಿನ ಮಾತೆಲ್ಲ ತಂಬಿಟ್ಟಿನ ಜೊತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಪೆಟ್ಟಿಗೆಗಳ ನಡುವೆ ಸುಮ್ಮನೆ ಕೂತಿದ್ದ ವೇದಾ ಕಣ್ಣ ಮುಂದೆ ಬಂದಳು. ವೆಂಕಟಾಚಲನಿಗೆ ಸಿಟ್ಟು ಬಂತು. ಬರಿಗೈಯಲ್ಲಿ ಮನೆಗೆ ಹೋಗುವ ಹೆದರಿಕೆ ಅದಕ್ಕಿಂತ ಜೋರಾಗಿ ಬಂತು. ಸಂಸ್ಕೃತದಲ್ಲಿ ಹೈಸ್ಕೂಲಿನವರೆಗೂ ಮೂವತ್ತೈದರ ಗಡಿ ದಾಟದ ಆ ಬಾಯಿಂದ, ಹೇಗೋ ಏನೋ, ಒಂದು ಶ್ಲೋಕ ಹೊರಟಿತು:

"ಗೃಹಾಗತಾಂ ಮಹಾಲಕ್ಷ್ಮೀಂ ರಿಟರ್ನಂ ಯಃ ಕರೋತಿ ಚ
ಸಪ್ತಜನ್ಮ ದರಿದ್ರೋಽಸೌ ರೀಫಂಡಂ ನೈವ ವಿಂದತಿ."

ಪದ್ಮಮ್ಮನಿಗೆ ಆ ಶ್ಲೋಕದಲ್ಲಿ ಎರಡೇ ಪದ ಅರ್ಥವಾಗಿದ್ದು. ಅಷ್ಟೇ ಸಾಕಾಯಿತು.

"ಅಂದ್ರೆ ಸ್ವಾಮಿ?"

"ಮನೆಗೆ ಬಂದ ಲಕ್ಷ್ಮಿನ ಹೊರಗೆ ಕಳಿಸಿದವರು ಏಳು ಜನ್ಮ ದರಿದ್ರರಾಗ್ತಾರೆ ಅಂತ. ದುಡ್ಡೂ ದಕ್ಕಲ್ಲ."

ಪದ್ಮಮ್ಮ ಅವನ ಎದುರಿಗೇ ಮೊಬೈಲು ತೆಗೆದು ದೂರನ್ನು ವಾಪಸ್ ಪಡೆದರು. ಲಕ್ಷ್ಮಿಗೆ ಅಡ್ಡಬಿದ್ದರು, ಅವನಿಗೂ ಬಿದ್ದರು. ಕೆಂಚಪ್ಪ ಪೇಪರ್ ಮಡಿಚಿಟ್ಟು ಬಂದು ತಾವೂ ಬಿದ್ದರು. ಮನೆಯಲ್ಲಿ ಬೈಗುಳವಲ್ಲದೆ ಬೇರೇನನ್ನೂ ಕಾಣದ ವೆಂಕಟಾಚಲನಿಗೆ ಇದು ಹಿತವಾಗಿಯೇ ಇತ್ತು. ಹೆಸರು ಕೇಳಿದರೆ ಹೇಳದೆ, ಕೈಯೆತ್ತಿ ಹರಸಿ, ಎಲೆ ಅಡಿಕೆ ತಾಂಬೂಲ ಕಟ್ಟಿಕೊಂಡು ಬಸ್ ಹತ್ತಿದ.

"ಏನ್ ಹೇಳಿದ್ರಿ ಅವರಿಗೆ?" ಎಂದು ವೇದಾ ಕೇಳಿದಳು.

"ತಿಳಿಸಿ ಹೇಳಿದೆ. ಒಪ್ಕೊಂಡ್ರು," ಎಂದ ಗಂಭೀರವಾಗಿ. ಅವತ್ತು ಕೇಳದೆಯೇ ಕಾಫಿ ಬಂತು. ಅದರ ಹಿಂದೆ ಇನ್ನೊಂದು ಲೋಟವೂ ಬಂತು. ಮದುವೆಯಾದ ಮೇಲೆ ಇಂಥದ್ದು ಅವನಿಗೆ ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ ಶರಾವತಮ್ಮ ಕನ್ನಡಕ ಏರಿಸಿ ವಾಟ್ಸಾಪ್ ಓದುತ್ತಿದ್ದರು. "ಇಲ್ ಕೇಳ್ರೋ. ಭದ್ರಾವತಿಗೆ ಯಾರೋ ಮಹಾಪಂಡಿತರು ದಯಮಾಡಿಸಿದ್ರಂತೆ. ಎಂಥಾ ತೇಜಸ್ಸಂತೆ. ಒಂದು ಶ್ಲೋಕ ಹೇಳಿ, ಹೆಸರೂ ಹೇಳ್ದೆ ಅಂತರ್ಧಾನ ಆದ್ರಂತೆ." ರಾಗವಾಗಿ ಶ್ಲೋಕ ಓದಿ, ಮೊಬೈಲನ್ನು ಕಣ್ಣಿಗೊತ್ತಿಕೊಂಡರು. ವೆಂಕಟಾಚಲ ಇಡ್ಲಿಯ ಮೇಲೆ ಬಗ್ಗಿ ಒಳಗೊಳಗೇ ಹಿಗ್ಗಿದ.

ಆ ಹೊತ್ತಿಗೆ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಹನ್ನೊಂದು ಹೆಂಗಸರು ಇಳಿದರು. ಕೈಯಲ್ಲಿ ಹೂವು, ಹಣ್ಣು, ಮುಖದಲ್ಲಿ ಭಯ. ಮುಂದಿದ್ದ ವಿಮಲಾ ಎಂಬಾಕೆ ವೇದಾಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಅಕ್ಕ. ದುಡ್ಡು ಪೂರ್ತಿ ತಂದಿದೀವಿ. ನಮ್ಮ ನಮ್ಮ ಲಕ್ಷ್ಮಿ ನಮಗೆ ಕೊಟ್ಬಿಡಿ."

ವೇದಾಳ ಮುಖ ಅರಳಿತು. ವೆಂಕಟಾಚಲನಿಗೆ ಈರುಳ್ಳಿ ಬಜ್ಜಿಯ ವಾಸನೆ ಆಗಲೇ ಮೂಗಿಗೆ ಬಡಿಯಿತು. ಅವನು ಸೋಫಾದ ಲಕ್ಷ್ಮಿಯನ್ನು ಎತ್ತಲು ಹೋದ.

"ಮುಟ್ಟಬೇಡ," ಎಂದರು ಶರಾವತಮ್ಮ. ಹೊಸಿಲಿಗೆ ಅಡ್ಡವಾಗಿ ನಿಂತಿದ್ದರು. "ಒಬ್ಬಳನ್ನೂ ಕಳ್ಸಲ್ಲ."

"ನೀವೇ ಹೇಳಿದ್ರಲ್ಲ ಅತ್ತೆ, ಕರೆದವರು ಬಂದು ಕರ್ಕೊಂಡು ಹೋಗ್ಬೇಕು ಅಂತ."

"ಅದು ತಿಳೀದೆ ಹೇಳಿದ್ದು. ಈಗ ಪಂಡಿತರ ಮಾತು ಬಂದಿದೆ. ಮನೆಗೆ ಬಂದ ಲಕ್ಷ್ಮಿನ ಹೊರಗೆ ಕಳಿಸಿದ್ರೆ ಏಳು ಜನ್ಮ ದಾರಿದ್ರ್ಯ. ಅವರು ಮಾಡಿದ ತಪ್ಪು ನಾವೂ ಮಾಡೋದಾ?" ಒಂದು ಕ್ಷಣ ಯೋಚಿಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಹಿಂದಿನ ರೂಮಲ್ಲಿ ದೀಪಾವಳಿಗೆ ಅಂತ ಇಟ್ಟಿದೀಯಲ್ಲ, ಅವರೂ ಮನೆಗೆ ಬಂದ ಲಕ್ಷ್ಮಿಯರೇ. ಆ ರೂಮಿನ ಬೀಗದ ಕೈ ಇಲ್ಲಿ ಕೊಡು."

ವೆಂಕಟಾಚಲನಿಗೆ ಬೇರೆ ದಾರಿ ಉಳಿಯಲಿಲ್ಲ. "ಅಮ್ಮ, ಆ ಪಂಡಿತ ನಾನೇ. ಶ್ಲೋಕ ನಾನೇ ಕಟ್ಟಿದ್ದು, ಸುಮ್ನೆ ಹೆದರಿಸೋಕೆ."

ಶರಾವತಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೆ ಸಂಧ್ಯಾವಂದನೆ ಅರ್ಧಕ್ಕೇ ಮರ್ತುಹೋಗುತ್ತೆ. ನೀನು ಶ್ಲೋಕ ಕಟ್ತೀಯಾ?"

"ಅದರಲ್ಲಿ ರಿಟರ್ನ್ ಅಂತ ಇದೆಯಲ್ಲಮ್ಮ. ರೀಫಂಡ್ ಅಂತ ಇದೆ. ಹಳೇ ಕಾಲದ ಶ್ಲೋಕದಲ್ಲಿ ಅದೆಲ್ಲ ಇರುತ್ತಾ?"

"ಋಷಿಗಳು ತ್ರಿಕಾಲಜ್ಞಾನಿಗಳು ಕಣೋ," ಎಂದರು ಶರಾವತಮ್ಮ. "ಮುಂದೆ ಏನೇನು ಬರುತ್ತೆ ಅಂತ ಅವರಿಗೆ ಗೊತ್ತಿರಲ್ವಾ?"

ಬಾಗಿಲಲ್ಲಿದ್ದ ಹನ್ನೊಂದು ಹೆಂಗಸರೂ ಹೌದು ಹೌದು ಎಂದು ತಲೆಯಾಡಿಸಿದರು. ಹೆಂಗಸರು ಅಳುತ್ತ, ಪಾಯಸ ಕುಡಿದು, ಇನ್ನು ಪ್ರತಿ ಶುಕ್ರವಾರ ಇಲ್ಲಿಗೇ ಬಂದು ಪೂಜೆ ಮಾಡಿಕೊಂಡು ಹೋಗುವುದೆಂದು ಗೊತ್ತುಮಾಡಿ ಟೆಂಪೋ ಹತ್ತಿದರು. ವೇದಾಳ ಮೊಬೈಲು ಟಿಂಗೆಂದಿತು. ದೂರು ವಾಪಸಾಗಿದೆ, ನಿಮ್ಮ ಅಂಗಡಿ ಮುಂದುವರಿಯುತ್ತದೆ, ಅಭಿನಂದನೆಗಳು. ಅದರ ಬೆನ್ನಿಗೇ ಹೊಸ ಆರ್ಡರುಗಳು ಬಂದವು. ಬೀಗದ ಕೈ ಶರಾವತಮ್ಮನ ಸೊಂಟದಲ್ಲಿತ್ತು.

ವೇದಾ ಗಂಡನನ್ನು ನೋಡಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ತಿಳಿಸಿ ಹೇಳಿದ್ರಾ?" ಎಂದಷ್ಟೇ ಕೇಳಿ, ಈಳಿಗೆ ಮಣೆಯನ್ನೂ ಒಂದು ರಾಶಿ ತೆಂಗಿನಕಾಯಿಯನ್ನೂ ಅವನ ಮುಂದಿಟ್ಟು ಒಳಗೆ ಹೋದಳು.

ವೆಂಕಟಾಚಲ ಯಾವ ಲಕ್ಷ್ಮಿಗೂ ಬೆನ್ನು ತಾಗದಂತೆ ಮೂಲೆಯಲ್ಲಿ ಒತ್ತರಿಸಿಕೊಂಡು ಕೂತು ಕಾಯಿ ತುರಿಯತೊಡಗಿದ. ಶರಾವತಮ್ಮ ಪಕ್ಕದಲ್ಲಿ ಕೂತು ಮತ್ತೊಮ್ಮೆ ಶ್ಲೋಕ ಓದಿ ಕಣ್ಣೊರೆಸಿಕೊಂಡರು.

"ಅಂಥಾ ಮಗನ್ನ ಹೆತ್ತ ತಾಯಿ ಎಷ್ಟು ಜನ್ಮದ ಪುಣ್ಯ ಮಾಡಿದ್ಲೋ ಏನೋ," ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ತಮ್ಮ ಮಗನ ಕಡೆ ತಿರುಗಿ, "ಕಪ್ಪು ಬೀಳ್ತಾ ಇದೆ ನೋಡು. ಬಿಳೀದಷ್ಟೇ ತುರಿ," ಎಂದರು.