ದೇವಕಣಗಿಲೆಯ ರಕ್ತಪರೀಕ್ಷೆ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಬ್ರಷ್ಷು ಇನ್ನೂ ಬಾಯಲ್ಲಿರುವಾಗಲೇ, ಸೂಜಿ ಸಾಹೇಬರಿಗೆ ಅವರ ಹೆಂಡತಿ ಸುದ್ದಿ ಮುಟ್ಟಿಸಿದರು.

"ಮನೆ ಮಾಲೀಕರು ಫೋನ್ ಮಾಡಿದ್ರು. ಅಂಗಳದಲ್ಲಿರೋ ಒಣಮರ ಇವತ್ತು ಕಡಿಸ್ತಾರಂತೆ. ಸಂಜೆ ಐದಕ್ಕೆ ಆಳು ಕರ್ಕೊಂಡು ಬರ್ತಾರಂತೆ."

ಬಾಯಲ್ಲಿದ್ದ ನೊರೆ ಕನ್ನಡಿಯ ಮೇಲೆಲ್ಲ ಹಾರಿತು.

"ಯಾವ ಒಣಮರ?"

"ನಿಮ್ಮದೇ, ಇನ್ಯಾವುದು? ಒಂದೆಲೆ ಇಲ್ಲ. ಸತ್ತೇ ಹೋಗಿದೆ ಅಂತ ಬೀದಿಯವರೆಲ್ಲ ಅವರಿಗೆ ಹೇಳಿದಾರಂತೆ."

ಸೂಜಿ ಸಾಹೇಬರು ಯಾವ ಸೀಮೆಯ ಸಾಹೇಬರೂ ಅಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಜನರ ರಕ್ತ ತೆಗೆಯುವವರು. ಬೀದಿಯಲ್ಲಿ ಅವರ ಸೂಜಿಗೆ ತೋಳು ಕೊಡದವರಿಲ್ಲ, ಅವರ ಮೂಗಿನ ತುದಿಯ ಸಿಟ್ಟಿಗೆ ಸಿಗದವರೂ ಇಲ್ಲ. ಆ ಎರಡೂ ಸೇರಿ ಹುಟ್ಟಿದ ಹೆಸರು ಅದು. ಬಾಡಿಗೆ ಮನೆಯ ಅಂಗಳದಲ್ಲಿ ಅವರಿಗೆ ತಮ್ಮದು ಅಂತ ಇದ್ದದ್ದು ಒಂದೇ, ಆ ದೇವಕಣಗಿಲೆ. ಆರು ವರ್ಷದ ಹಿಂದೆ ಮೊಳದುದ್ದದ ಒಂದು ಕಡ್ಡಿ ತಂದು, ಕಡಿದ ಬಾಯಿ ಒಣಗಲೆಂದು ಒಂದು ವಾರ ನೆರಳಲ್ಲಿಟ್ಟು, ಮರಳು ಬೆರೆಸಿದ ಮಣ್ಣಿಗೆ ಊರಿ, ಚಿಗುರುವವರೆಗೆ ಹನಿ ಲೆಕ್ಕದಲ್ಲಿ ನೀರು ಹಾಕಿ ಬೆಳೆಸಿದ್ದು. ಈಗ ಅದಕ್ಕೆ ಐದು ತೋಳು. ಹೋದ ಬೇಸಿಗೆಯಲ್ಲಿ ಮೊದಲ ಸಲ ಹೂ ಬಿಟ್ಟಿತ್ತು. ಅಂಥ ಕಡುಗೆಂಪು, ಅಂಚಿಗೆ ಕಪ್ಪು ಹಾಯುವ ಕೆಂಪು, ಆ ಬೀದಿಯಲ್ಲಿ ಇನ್ನೊಬ್ಬರ ಮನೆಯಲ್ಲಿಲ್ಲ. ಇರಬಾರದು ಅನ್ನುವುದೂ ಸಾಹೇಬರ ಹಟ. ಒಂದು ಕೊಂಬೆ ಕೊಡಿ ಎಂದು ಕೇಳಿ ಬಂದವರನ್ನೆಲ್ಲ ಗೇಟಿನಿಂದಲೇ ಕಳಿಸಿದ್ದರು. ಈ ಬೇಸಿಗೆಗೆ ಐದೂ ತೋಳು ಹೂ ಬಿಡಬೇಕಿತ್ತು. ಅದನ್ನು ನೋಡಲೆಂದು ಅವರು ದಿನ ಎಣಿಸುತ್ತಿದ್ದರು.

"ಚಳೀಲಿ ಎಲೆ ಉದುರಿಸೋ ಮರ ಅದು. ಸತ್ತಿದೆ ಅಂದವನಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಬೇಕು. ಎಲ್ಲಿ ಫೋನು?"

"ಮಾಲೀಕರು ಪ್ರಯಾಣದಲ್ಲಿದಾರೆ, ಸಂಜೆವರೆಗೂ ಫೋನ್ ಆಫಂತೆ. ಬೀದಿಯವರೇ ಬಂದು, ನೋಡಿ, ಜೀವ ಇದೆ ಅಂದ್ರೆ ಬಿಟ್ಬಿಡ್ತೀನಿ ಅಂದ್ರು."

"ಸತ್ತಿದೆ ಅಂತ ಚಾಡಿ ಹೇಳಿದವರೇ ಬಂದು ಜೀವ ಇದೆ ಅನ್ನಬೇಕಾ?"

"ನನ್ನ ಮೇಲೆ ಯಾಕೆ ಕೂಗ್ತೀರಿ? ಮರ ನಿಮ್ಮದು, ಬಾಯಿ ಅವರದು."

ಅರ್ಧ ಗಂಟೆಯಲ್ಲಿ ಸಾಹೇಬರು ಬೀದಿಯವರಿಗೆಲ್ಲ ಹೇಳಿಕಳಿಸಿ ಅಂಗಳದಲ್ಲಿ ಸಜ್ಜಾಗಿ ನಿಂತಿದ್ದರು. ಕೈಗೆ ಲ್ಯಾಬಿನ ಗ್ಲೌಸು, ಪಕ್ಕದ ಸ್ಟೂಲಿನ ಮೇಲೆ ಚಾಕು, ಸ್ಪಿರಿಟ್ಟು, ಹತ್ತಿ. ದೇವಕಣಗಿಲೆಯ ಹಾಲು ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಆದರೆ ಜೀವ ಇದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಣಮರಕ್ಕೆ ಹಾಲೆಲ್ಲಿಂದ ಬರಬೇಕು?

ಮೊದಲು ಬಂದವರು ಪಕ್ಕದ ಮನೆಯ ಟೈಲರಕ್ಕ. ಅಳತೆ ಟೇಪು ಕೊರಳಲ್ಲೇ ಇತ್ತು.

ಸಾಹೇಬರು ಚಾಕುವಿಗೆ ಸ್ಪಿರಿಟ್ ಒರೆಸಿ ಒಂದು ತೋಳಿನ ತೊಗಟೆಯ ಮೇಲೆ ಉಗುರಿನಷ್ಟು ಗೀರಿದರು. ಬಿಳಿ ಹನಿಯೊಂದು ಉಕ್ಕಿತು.

"ನೋಡಿ. ಇದಕ್ಕೇನಂತೀರಿ?"

ಟೈಲರಕ್ಕ ತಲೆ ಓರೆ ಮಾಡಿ ನೋಡಿದರು. "ಮೇಲ್ಮೇಲಿನ ಮಾತು ಬೇಡ ಅಣ್ಣ. ಬಟ್ಟೆ ಹೊರಗಡೆ ಚೆನ್ನಾಗೇ ಕಾಣುತ್ತೆ, ಒಳಗಡೆ ಲೈನಿಂಗು ಹರಿದಿರುತ್ತೆ. ಒಳಗೆ ಹಸಿರಿದೆಯಾ ಅಂತ ನೋಡಬೇಕು ಅಂದ್ರೆ ಕಡಿದೇ ನೋಡಬೇಕು. ಇಲ್ಲಿ, ತುದಿಯಿಂದ ಒಂದು ಮೊಳ ಕೆಳಗೆ." ಟೇಪು ಬಿಚ್ಚಿ ಅಳೆದು, ಜೇಬಿನ ಸೀಮೆಸುಣ್ಣದಿಂದ ಗೆರೆಯನ್ನೂ ಹಾಕಿಬಿಟ್ಟರು.

ಸಾವಿರಾರು ಜನರಿಗೆ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ಹೇಳಿದ ಸಾಹೇಬರ ಬಾಯಿ ಈಗ ಮರಕ್ಕೂ ಅದನ್ನೇ ಹೇಳಿತು. ಒಂದು ಹೋದರೆ ನಾಲ್ಕು ಉಳಿಯುತ್ತದೆ, ಇದು ಹೋಗದಿದ್ದರೆ ಸಂಜೆ ಐದಕ್ಕೆ ಎಲ್ಲವೂ ಹೋಗುತ್ತದೆ ಎಂದುಕೊಂಡು ಹಲ್ಲು ಕಚ್ಚಿ ಕಡಿದರು. ಹಾಲು ಸುರಿಯಿತು. ಗಾಯಕ್ಕೆ ಹತ್ತಿ ಒತ್ತಿ ಹಿಡಿದರು.

"ಜೀವ ಇದೆ," ಎಂದು ಟೈಲರಕ್ಕ ಒಪ್ಪಿಕೊಂಡರು. "ಈ ಕೊಂಬೆ ಇಲ್ಲೇ ಬಿದ್ದಿದ್ರೆ ಮಾಲೀಕರು ಬಂದು ಒಣಕೊಂಬೆ ಉದುರಿದೆ ಅಂದಾರು. ನಾನೇ ತಗೊಂಡು ಹೋಗಿ ಹಾಕ್ತೀನಿ ಬಿಡಿ."

ಇಷ್ಟಾದರೂ ಒಳ್ಳೆಯ ಬುದ್ಧಿ ಇದೆಯಲ್ಲ ಎಂದು ಸಾಹೇಬರಿಗೆ ಸಮಾಧಾನವಾಯಿತು.

ಹತ್ತೂವರೆಗೆ ಎದುರು ಮನೆಯ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೂ ಪಾಠ ಮಾಡುವ ಚಟ ಬಿಡದವರು. ಅಷ್ಟು ಹೊತ್ತಿಗೆ ಮೊದಲ ಗಾಯದ ಹಾಲು ಒಣಗಿ ಅಂಟಿನ ಹಾಗಾಗಿತ್ತು. ಸಾಹೇಬರು ಅದನ್ನೇ ತೋರಿಸಿದರು.

"ಇದು ಹಳೇದು," ಎಂದರು ಮೇಷ್ಟ್ರು. "ನಿನ್ನೆ ಕೊಟ್ಟ ರಕ್ತ ನೋಡಿ ಇವತ್ತಿನ ಸಕ್ಕರೆ ಎಷ್ಟು ಅಂತ ನೀವು ಹೇಳ್ತೀರಾ?"

ವೃತ್ತಿಯ ಮಾತು ಬಂದರೆ ಸಾಹೇಬರು ಸೋಲುವ ಜಾಯಮಾನದವರು. ಪ್ರತಿಯೊಬ್ಬರಿಗೂ ಹೊಸ ಸ್ಯಾಂಪಲ್ಲೇ ಆಗಬೇಕು, ಅದು ಅವರದೇ ನಿಯಮ.

"ಅಲ್ಲದೆ," ಎಂದು ಮೇಷ್ಟ್ರು ಮುಂದುವರಿಸಿದರು, "ನನ್ನ ತಂಗಿ ಮನೇಲೂ ದೇವಕಣಗಿಲೆ ಇದೆ. ಎಂಥ ಚಳಿಗೂ ಎಲೆ ಉದುರಿಸಲ್ಲ. ನಿಮ್ಮದು ಉದುರಿಸಿದೆ. ಅಂದ ಮೇಲೆ ಒಂದೋ ಇದು ದೇವಕಣಗಿಲೆ ಅಲ್ಲ, ಇಲ್ಲಾ ಬದುಕಿಲ್ಲ."

"ನಿಮ್ಮ ತಂಗಿ ಮರದ ಎಲೆ ತುದಿ ದುಂಡಗಿದೆಯಾ, ಚೂಪಾಗಿದೆಯಾ?"

"ದುಂಡಗೆ."

"ಹೂ ಬಿಳೀದು?"

"ಬಿಳೀದು, ಮಧ್ಯ ಸ್ವಲ್ಪ ಹಳದಿ."

"ಅದರ ಜಾತಿನೇ ಬೇರೆ ಮೇಷ್ಟ್ರೇ. ದುಂಡೆಲೆದು ವರ್ಷವಿಡೀ ಹಸಿರು. ಚೂಪೆಲೆದು ಚಳೀಲಿ ಬೋಳಾಗುತ್ತೆ. ಇದು ಚೂಪೆಲೆದು."

"ಎಲ್ಲಿ, ಒಂದು ಎಲೆ ತೋರಿಸಿ ನೋಡೋಣ."

"ಎಲೆ ಇದ್ದಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ?" ಸಾಹೇಬರ ಕಿವಿ ಕೆಂಪಾಯಿತು. ಇನ್ನೊಂದು ಮಾತಾಡಿದ್ದರೆ ಚಾಕುವಿನ ಗುರಿ ಬೇರೆಯಾಗುತ್ತಿತ್ತು. ಮರದ ಮೇಲೇ ತೀರಿಸಿಕೊಂಡರು. ಎರಡನೆಯ ತೋಳು ಮೊಳದುದ್ದಕ್ಕೆ ಬಿತ್ತು. ಮೇಷ್ಟ್ರು ಅದನ್ನು ಛತ್ರಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡರು. ತಂಗಿಗೆ ತೋರಿಸಿ ಜಾತಿ ಖಾತ್ರಿ ಮಾಡಿಕೊಳ್ಳಬೇಕಂತೆ.

ಈ ನಡುವೆ ಹೆಂಡತಿ ಮೂರು ಸಲ ಚಹಾ ತಂದುಕೊಟ್ಟರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಕೇಳದೇ ಮೂರು ಸಲ ಚಹಾ ಬಂದದ್ದು ಅದೇ ಮೊದಲು. ಸಿಟ್ಟಿನಲ್ಲಿದ್ದ ಗಂಡಸಿಗೆ ಇಂಥದ್ದೆಲ್ಲ ಎಲ್ಲಿ ಕಾಣುತ್ತದೆ?

ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ಮೂಲೆಮನೆಯ ಡ್ರೈವರ್ ಬಂದ. ಶಾಲೆಯ ಬಸ್ಸು ಓಡಿಸುವವನು, ಯಾವುದನ್ನೂ ಒಂದು ಸುತ್ತು ಹಾಕಿ ನೋಡದೆ ನಂಬುವವನಲ್ಲ. ಮರವನ್ನೂ ಸುತ್ತಿ ಬಂದ, ಬುಡಕ್ಕೆ ಕಾಲಿಂದ ಒಂದು ಒದೆತ ಕೊಟ್ಟ.

"ಕಾಲು ತೆಗಿ," ಎಂದು ಸಾಹೇಬರು ಗುಡುಗಿದರು.

"ಸಿಟ್ಟಾಗಬೇಡಿ ಸಾರ್. ನೀವು ಕಡಿದದ್ದೆಲ್ಲ ಬಿಸಿಲಿನ ಕಡೇದು. ಗೋಡೆ ಕಡೆ ಹೇಗಿದೆಯೋ ಯಾರಿಗೆ ಗೊತ್ತು? ಮುಂದಿನ ಟೈರಲ್ಲಿ ಗಾಳಿ ಇದೆ ಅಂತ ಹಿಂದಿನ ಟೈರು ನೋಡದೆ ಗಾಡಿ ತೆಗೀತೀವಾ?"

"ಗೋಡೆ ಕಡೇದೂ ಇದೇ ಮರದ್ದು ಕಣಯ್ಯ."

"ಒಂದೇ ಮೈಯಲ್ಲಿ ಅರ್ಧಕ್ಕೆ ಲಕ್ವ ಹೊಡೆಯೋದಿಲ್ವಾ ಸಾರ್? ನಿಮ್ಮ ಆಸ್ಪತ್ರೇಲೇ ನೋಡಿದೀನಿ."

ಆಸ್ಪತ್ರೆಯ ಹೆಸರೆತ್ತಿದ ಮೇಲೆ ಏನು ಹೇಳುವುದು? ಗೋಡೆ ಕಡೆಯದೊಂದು ಕಡಿದರು, ಹಾಲು ಬಂತು. ನಡುವಿನದ್ದರ ಬಗ್ಗೆಯೂ ಅವನು ಅನುಮಾನ ತೆಗೆದ. ಅದನ್ನೂ ಕಡಿದರು, ಅದರಲ್ಲೂ ಹಾಲು ಬಂತು. ಡ್ರೈವರ್ ಎರಡನ್ನೂ ಹೆಗಲಿಗೇರಿಸಿಕೊಂಡು, "ಗಟ್ಟಿಮುಟ್ಟಾಗಿದೆ ಸಾರ್, ನೂರು ವರ್ಷ ಬಾಳುತ್ತೆ," ಎಂದು ಹರಸಿ ಹೋದ.

ಮೂವರು ಸಾಕ್ಷಿಗಳು ಸಿಕ್ಕಿದ್ದರು. ಮರಕ್ಕೆ ಉಳಿದದ್ದು ಒಂದೇ ತೋಳು. ಉಳಿದ ನಾಲ್ಕು ಕಡೆ ಹತ್ತಿ ಸುತ್ತಿಕೊಂಡು ಅದು ಅಪಘಾತದ ವಾರ್ಡಿನಿಂದ ಎದ್ದು ಬಂದಂತೆ ನಿಂತಿತ್ತು. ಆದರೂ ಮರ ಉಳಿಯಿತಲ್ಲ. ಆ ಒಂದು ತೋಳಿನ ತುದಿಯಲ್ಲಾದರೂ ಬೇಸಿಗೆಗೆ ಹೂ ಬರುತ್ತದೆ.

ಐದಕ್ಕೆ ಹತ್ತು ನಿಮಿಷವಿತ್ತು. ಸಾಕ್ಷಿಗಳನ್ನು ಕರೆಯಲು ಹೋದರೆ ಟೈಲರಕ್ಕನ ಬಾಗಿಲು ಮುಚ್ಚಿತ್ತು, ಮೇಷ್ಟ್ರು ತಂಗಿಯ ಮನೆಗೆ ಹೋಗಿದ್ದರು, ಡ್ರೈವರ್ ಮಲಗಿದ್ದ. ಸಾಹೇಬರಿಗೆ ರೇಗಿಹೋಯಿತು. ಮಾಲೀಕರು ಆಳಿನ ಜೊತೆ ಬಂದು, ಯಾರ ಸಾಕ್ಷಿಯೂ ಇಲ್ಲದೆ ಈ ಬೋಳು ಬುಡ ನೋಡಿದರೆ ಒಂದು ಮಾತೂ ಕೇಳದೆ ಕೊಡಲಿ ಹಾಕಿಸುತ್ತಾರೆ. ನಾಲ್ಕೂ ಗಾಯ ಒಣಗಿವೆ. ಬಂದ ತಕ್ಷಣ ಕಣ್ಣಿಗೆ ಹೊಡೆಯುವಂತೆ ಹಸಿ ಹಾಲು ತೋರಿಸಬೇಕು, ಗೀರಿದರೆ ಬರುವ ಒಂದು ಹನಿ ಸಾಲದು, ಬೇರೆ ದಾರಿಯಿಲ್ಲ. ಸಾಹೇಬರು ಚಾಕುವಿಗೆ ಸ್ಪಿರಿಟ್ ಒರೆಸಿದರು, ಕಣ್ಣು ಮುಚ್ಚಿದರು, ಕೊನೆಯ ತೋಳನ್ನೂ ಕಡಿದರು.

ಒಗೆದ ಬಟ್ಟೆ ತೆಗೆಯಲು ಬಂದ ಹೆಂಡತಿ ಬಕೆಟ್ಟು ಕೆಳಗೆ ಹಾಕಿದರು.

"ಅಯ್ಯೋ, ಅದನ್ಯಾಕೆ ಕಡಿದ್ರಿ? ಅದನ್ನ ನಮಗೆ ಅಂತ ಬಿಡಿಸಿದ್ದೆ."

"ಬಿಡಿಸಿದ್ದೆ ಅಂದ್ರೆ?"

ಹೆಂಡತಿ ತುಟಿ ಕಚ್ಚಿಕೊಂಡರು. ಕಚ್ಚಿಕೊಂಡದ್ದು ಒಂದೇ ಗಳಿಗೆ. ಆಮೇಲೆ ಒಂದು ವರ್ಷದ ಸಿಟ್ಟು ಒಟ್ಟಿಗೇ ಹೊರಬಂತು.

"ಹೌದು ರೀ, ನಾನೇ ಹೇಳಿಕೊಟ್ಟಿದ್ದು. ಮಾಲೀಕರು ಫೋನೂ ಮಾಡಿಲ್ಲ, ಬರೋದೂ ಇಲ್ಲ. ಹೋದ ವರ್ಷ ನನಗೆ ಆಪರೇಷನ್ ಆದಾಗ ನೀವು ಊರಿಗೆಲ್ಲ ಸೂಜಿ ಚುಚ್ತಾ ಡ್ಯೂಟಿ ಮೇಲಿದ್ರಿ. ಹದಿನೈದು ದಿನ ನನ್ನ ತಲೆ ಬಾಚಿದ್ದು ಟೈಲರಕ್ಕ. ಔಷಧಿ ತಂದುಕೊಟ್ಟಿದ್ದು ಮೇಷ್ಟ್ರು. ಮೆಟ್ಟಿಲು ಹತ್ತೋಕಾಗದೆ ಕೂತಾಗ ತಂಗಿ ಥರ ಎತ್ಕೊಂಡು ಬಂದಿದ್ದು ಡ್ರೈವರಣ್ಣ, ಅವನ ಹೆಂಡತಿ. ಅವರು ಕೇಳಿದ್ದೇನು? ಒಂದೊಂದು ಕೊಂಬೆ. ಗೇಟಲ್ಲಿ ನಿಲ್ಲಿಸಿ ಇಲ್ಲ ಅಂದ್ರಿ. ಅವರ ಮುಖ ನೋಡೋಕೆ ನನಗೆ ನಾಚಿಕೆ. ಕೇಳಿದ್ರೆ ಕೊಡಲ್ಲ, ಕೆಣಕಿದ್ರೆ ನೀವಾಗೇ ಕಡಿದು ಕೊಡ್ತೀರಿ ಅಂತ ನನಗೆ ಗೊತ್ತಿತ್ತು. ನಾಲ್ಕು ಸಾಕು, ಒಂದನ್ನ ಮುಟ್ಟಬೇಡಿ ಅಂತ ಅವರಿಗೆಲ್ಲ ಹೇಳಿದ್ದೆ. ಅವರು ಮುಟ್ಟಲಿಲ್ಲ. ನೀವು ಕಡಿದ್ರಿ."

ತಪ್ಪು ತಮ್ಮದಾದಾಗ ಸಾಹೇಬರಿಗೆ ಸಿಟ್ಟು ಇಮ್ಮಡಿ ಬರುತ್ತದೆ. ಇದೂ ಸುಳ್ಳಿರಬಹುದು, ಮಾಲೀಕರನ್ನೇ ಕೇಳಿಬಿಡುತ್ತೇನೆ ಎಂದು ಗ್ಲೌಸು ಹಾಕಿದ ಕೈಯಲ್ಲೇ ಫೋನು ಒತ್ತಿದರು. ಎರಡನೆಯ ರಿಂಗಿಗೇ ಮಾಲೀಕರು ಎತ್ತಿದರು.

"ಮರಾನಾ? ಯಾವ ಮರಾರೀ? ನಾನು ಮನೇಲೇ ಇದೀನಿ, ಬೆಳಿಗ್ಗೆಯಿಂದ ಯಾರಿಗೂ ಫೋನ್ ಮಾಡಿಲ್ಲ."

"ದೇವಕಣಗಿಲೆ ಸಾರ್," ಎಂದರು ಸಾಹೇಬರು. "ನೀವು ಬರ್ತೀರಿ ಅಂತ ಈಗ ತಾನೇ ಒಂದು ಕೊಂಬೆ ಕಡಿದೆ. ನಿಮಗೋಸ್ಕರ."

ಆ ಕಡೆ ಮಾಲೀಕರ ದನಿ ಕರಗಿಹೋಯಿತು.

"ನನಗೋಸ್ಕರಾನಾ? ಎಂಥ ಒಳ್ಳೇ ಮನಸ್ಸು ರೀ ನಿಮ್ಮದು. ಹೋದ ವರ್ಷ ಹೂ ನೋಡಿದಾಗಿಂದ ಆಸೆ ಇತ್ತು. ಯಾರಿಗೂ ಕೊಡಲ್ಲ ಅಂತ ಕೇಳಿ ಬಾಯಿ ಬಿಡಲಿಲ್ಲ. ನಾಳೆನೇ ಬಂದು ತಗೊಂಡು ಹೋಗ್ತೀನಿ. ತುದಿ ಇರೋ ಕೊಂಬೆ ತಾನೇ? ಈ ಬೇಸಿಗೆಗೇ ಹೂ ಬಿಡುತ್ತಾ?"

ಗಿಡದ ವಿಷಯದಲ್ಲಿ ಸಾಹೇಬರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಬಿಡಬಹುದು ಸಾರ್. ಹೂ ಬರೋದೇ ತುದೀಲಿ."

"ಹಾಗಾದ್ರೆ ಬೇಸಿಗೇಲಿ ನಾನೊಂದು ಗೊಂಚಲು ಹಿಡ್ಕೊಂಡು ನಿಮ್ಮ ಮನೆಗೇ ಬರ್ತೀನಿ. ನಿಮ್ಮ ಮರದ ಹೂವಿನ ಪಕ್ಕ ಇಟ್ಟು, ಯಾವುದು ಹೆಚ್ಚು ಕೆಂಪು ಅಂತ ನೋಡೇಬಿಡೋಣ."