ಗಡಿಗೆಪ್ಪನವರ ಕಟ್ಟೆಯ ಸಿಗ್ನಲ್ಲು

ಗಡಿಗೆಪ್ಪ: ನನ್ನ ಕಥ್ಯಾಗ ಎಮ್ಮಿ ಇನ್ನಾ ಕೋರ್ಟಿನ ಬಾಗಲದಾಗ ನಿಂತಿತ್ತು. ಅಷ್ಟರಾಗ ಕರೆಂಟ್ ಹೋತು. ಕುಂತ ಮಂದಿ ಅಷ್ಟೂ ಎದ್ದು ಹೊಂಟ್ರು.

ಬಸವಂತಮ್ಮ: ಹೋಗ್ಲಿ ಬಿಡ್ರಿ, ನಾಳಿ ಬರ್ತಾರ.

ಗಡಿಗೆಪ್ಪ: ಅಲ್ಲ, ಕರೆಂಟ್ ಹೋದ್ರ ಮಂದಿ ಮನಿ ಬಿಟ್ಟು ಕಟ್ಟಿಗೆ ಬರ್ತಾರ. ಇವ್ರು ಕಟ್ಟಿ ಬಿಟ್ಟು ಮನಿಗೆ ಹೋದ್ರು. ಇದು ಯಾವ ಊರ ಪದ್ಧತಿ?

ಪ್ರಶ್ನೆಯಲ್ಲಿ ನ್ಯಾಯವಿತ್ತು. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನು ನಿಂತ ಮನೆಯೊಳಗೆ ಬುದ್ಧಿ ಇರುವ ಯಾವನೂ ತಾನಾಗಿ ಹೋಗಿ ಕೂರುವುದಿಲ್ಲ. ಗಡಿಗೆಪ್ಪನವರು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಮಾತಾಡುವ ಹಕ್ಕು ವಕೀಲರದು, ಸಾಕ್ಷಿಗಳದು, ಜಡ್ಜ್ ಸಾಹೇಬರದು. ಇವರದು ಬರೆದುಕೊಳ್ಳುವ ಕೆಲಸ. ಅಷ್ಟೂ ವರ್ಷ ನುಂಗಿಕೊಂಡ ಮಾತನ್ನೆಲ್ಲ ಈಗ ದಿನಾ ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ಹೊರಗೆ ಬಿಡುತ್ತಿದ್ದರು. ಈ ಬೇಸಿಗೆಯಲ್ಲಿ ಕೇಳುವವರೂ ಹೆಚ್ಚಾಗಿದ್ದರು. ಆಟೋ ಓಡಿಸುವ ಉಮೇಶ, ಹಿಟ್ಟಿನ ಗಿರಣಿಯ ಬೂದೆಪ್ಪ, ಓಣಿಯ ಇನ್ನೂ ನಾಲ್ಕಾರು ಜನ. ಎಲ್ಲರೂ ತಲೆ ತಗ್ಗಿಸಿ, ಕಣ್ಣು ಮೇಲೆತ್ತದೆ ಕೂರುತ್ತಿದ್ದರು. ಇಂಥ ಶಿಸ್ತು ಕೋರ್ಟಿನಲ್ಲೂ ಕಂಡಿರಲಿಲ್ಲವೆಂದು ಗಡಿಗೆಪ್ಪನವರಿಗೆ ಭಾರಿ ಹೆಮ್ಮೆ. ಮಾನ್ವಿಗೆ ಕೊಟ್ಟ ಮಗಳು ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳುತ್ತಿದ್ದರು.

ಹೆಂಡತಿ ಬಸವಂತಮ್ಮ ಬ್ಯಾಟರಿ ದೀಪದ ಬೆಳಕಿನಲ್ಲಿ ರೊಟ್ಟಿ ಬಡಿಯುತ್ತಿದ್ದರು. ವಾಟ್ಸಾಪಿನಲ್ಲಿ ಆರ್ಡರ್ ಹಿಡಿದು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಮಾಡಿ ಕಳಿಸುವುದು ಅವರ ಉದ್ಯೋಗ. ಕೈ ನಿಲ್ಲಿಸದೆಯೇ ಕೇಳಿದರು.

ಬಸವಂತಮ್ಮ: ಅವ್ರು ತಲಿ ಯಾಕ ತಗ್ಗಿಸಿ ಕುಂದರ್ತಾರ ಅಂತ ಒಂದಿನಾರ ವಿಚಾರ ಮಾಡೀರೇನು?

ಗಡಿಗೆಪ್ಪ: ಮನಸ್ಸಿಟ್ಟು ಕೇಳೋರು ತಲಿ ತಗ್ಗಿಸ್ತಾರ.

ಬಸವಂತಮ್ಮ: ಕೈಯಾಗ ಏನಿರ್ತದ?

ಗಡಿಗೆಪ್ಪ: ಫೋನು. ಈಗ ಯಾರ ಕೈಯಾಗ ಇರಂಗಿಲ್ಲ?

ಬಸವಂತಮ್ಮ: ಬಾಜೂ ಮನಿ ಟೀಚರಮ್ಮಾರ ವೈಫೈಗೆ ಪಾಸ್‌ವರ್ಡ್ ಇಲ್ರಿ. ಅವ್ರ ಕಿಟಕಿಯಿಂದ ಅದು ನೆಟ್ಟಗ ಬಂದು ನಮ್ಮ ಕಟ್ಟಿ ಮ್ಯಾಲೆ ಬೀಳ್ತದ. ಕರೆಂಟ್ ಹೋದ್ರ ಅದೂ ಹೋಗ್ತದ. ಅದರ ಹಿಂದ ಮಂದಿನೂ ಹೋಗ್ತಾರ.

ನಿಜ ಹೇಳಬೇಕೆಂದರೆ ಗಡಿಗೆಪ್ಪನವರಿಗೆ ಅಳುವೇ ಬಂದಂತಾಗಿತ್ತು. ಆದರೆ ಕೋರ್ಟಿನಲ್ಲಿ ಬೆಳೆದ ಮನುಷ್ಯ, ಅಳುವ ಬದಲು ಕಾನೂನು ಹಿಡಿದರು.

ಗಡಿಗೆಪ್ಪ: ಇದು ಕಳವು.

ಬಸವಂತಮ್ಮ: ಯಾವುದು?

ಗಡಿಗೆಪ್ಪ: ಇನ್ನೊಬ್ಬರ ನೆಟ್ ಅವ್ರನ್ನ ಕೇಳದಂಗ ಬಳಸೋದು. ಕಾಯ್ದೆ ಪ್ರಕಾರ ಅಪರಾಧ. ಅದೂ ನನ್ನ ಕಟ್ಟಿ ಮ್ಯಾಲೆ ಕುಂತು.

ಬಸವಂತಮ್ಮ: ನಿನ್ನಿ ತನಕ ಅವ್ರು ಬಂಗಾರದಂಥ ಮಂದಿ ಇದ್ರು.

ಗಡಿಗೆಪ್ಪ: ನಿನ್ನಿ ತನಕ ಪುರಾವೆ ಇದ್ದಿಲ್ಲ.

ಬಸವಂತಮ್ಮ: ಟೀಚರಮ್ಮಾರ ಅಂಗಳದ ಮಲ್ಲಿಗಿ ವಾಸನಿ ದಿನಾ ನಮ್ಮ ಮನಿಗೆ ಬರ್ತದ. ಕೇಳಿ ಮೂಸೀರೇನು?

ಗಡಿಗೆಪ್ಪ: ನಾ ಮೂಸಿದ್ರ ಅವ್ರಿಗೆ ವಾಸನಿ ಕಮ್ಮಿ ಆಗಂಗಿಲ್ಲ. ನೆಟ್ ಹಂಗಲ್ಲ, ಹತ್ತು ಮಂದಿ ಎಳದ್ರ ಮನಿಯವ್ರಿಗೇ ನಿಧಾನ ಆಗ್ತದ.

ಬಸವಂತಮ್ಮ: ಹೌದಾ? ಮುಂಜಾನಿ ನಿಮ್ಮ ಫೋನಿನಾಗ ಪ್ರವಚನ ಬರ್ತದಲ್ಲ, ಅದು ಯಾರ ನೆಟ್ಟು?

ಗಡಿಗೆಪ್ಪ: ನಂದು.

ಬಸವಂತಮ್ಮ: ನಿಮ್ಮ ಪ್ಯಾಕು ಶಿವರಾತ್ರಿಗೇ ಮುಗದದ. ನಾನೇ ಟೀಚರಮ್ಮಾರ ವೈಫೈ ಹಚ್ಚಿ ಕೊಟ್ಟೀನಿ. ನನ್ನ ರೊಟ್ಟಿ ಆರ್ಡರೂ ಅದರಾಗೇ ಬರ್ತಾವ. ಇವತ್ತಿನ ಪ್ರವಚನ ಯಾವುದರ ಮ್ಯಾಲೆ ಇತ್ತು?

ಗಡಿಗೆಪ್ಪನವರು ಬಹಳ ಸಣ್ಣ ದನಿಯಲ್ಲಿ ಉತ್ತರಿಸಿದರು.

ಗಡಿಗೆಪ್ಪ: ಪರರ ಸೊತ್ತಿನ ಆಸಿ.

ಇನ್ನು ಕೂರುವ ಹಾಗಿರಲಿಲ್ಲ. ಈಗಲೇ ಹೋಗಿ ಟೀಚರಮ್ಮನ ಮುಂದೆ ತಪ್ಪೊಪ್ಪಿಕೊಂಡು, ಪಾಸ್‌ವರ್ಡ್ ಹಾಕಿಸಿಯೇ ಬರುತ್ತೇನೆಂದು ಅಂಗಿ ತೊಟ್ಟುಕೊಂಡರು. ಅವಸರದಲ್ಲಿ ಗುಂಡಿಗಳೆಲ್ಲ ಒಂದೊಂದು ಕಾಜಾ ಕೆಳಗಾದವು.

ಬಸವಂತಮ್ಮ: ಹಾಕಸ್ರಿ. ಆಮ್ಯಾಲೆ ಕಟ್ಟಿಗೆ ಯಾರು ಬರ್ತಾರ?

ಗಡಿಗೆಪ್ಪ: ಕಥಿ ಕೇಳಾಕ ಬರ್ತಾರ.

ಬಸವಂತಮ್ಮ: ಬರದಿದ್ರ?

ಅವರು ಚಪ್ಪಲಿ ಹುಡುಕುವವರಂತೆ ಬಗ್ಗಿದರು. ಚಪ್ಪಲಿ ಕಾಲಲ್ಲೇ ಇತ್ತು.

ಪಕ್ಕದ ಮನೆಯ ಸುಗ್ರಾ ಬೇಗಂ ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಟೀಚರಮ್ಮ. ಕಿಟಕಿಯ ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಗಡಿಗೆಪ್ಪನವರನ್ನು ಕಂಡದ್ದೇ ಗಾಬರಿಯಾಗಿ ಎದ್ದು ನಿಂತರು.

ಗಡಿಗೆಪ್ಪ: ಟೀಚರ್, ಒಂದು ಕಳವಿನ ವಿಷಯ ಮಾತಾಡಬೇಕಾಗೇದ.

ಸುಗ್ರಾ ಬೇಗಂ: ಗೊತ್ತಾಗಿಬಿಡ್ತಾ ನಿಮಗ? ಮಾಫ್ ಮಾಡ್ರಿ ಸಾಹೇಬ್ರ. ಆಸಿ ತಡೀಲಿಲ್ಲ.

ಗಡಿಗೆಪ್ಪ: ಆಸಿ ನಿಮ್ಮದಲ್ರಿ. ಕಟ್ಟಿ ಮ್ಯಾಲೆ ಕುಂತವ್ರದು.

ಸುಗ್ರಾ ಬೇಗಂ: ಅವ್ರು ನಿಮ್ಮ ಎದುರಿಗೇ ಕುಂತು ತಗೊಂತಾರ. ನಾನು ಪರದೆ ಹಿಂದ ಕುಂತು. ನಂದೇ ದೊಡ್ಡ ಕಳವು.

ಗಡಿಗೆಪ್ಪ: ನಿಮ್ಮದನ್ನ ನೀವು ಹ್ಯಾಂಗ ಕಳವು ಮಾಡ್ತೀರಿ?

ಸುಗ್ರಾ ಬೇಗಂ: ನಂದೆಲ್ಲಿ ಬಂತು? ನಿಮ್ಮದು.

ಗಡಿಗೆಪ್ಪ: ನನ್ನ ಹತ್ರ ವೈಫೈ ಇಲ್ಲ.

ಸುಗ್ರಾ ಬೇಗಂ: ವೈಫೈ ಯಾರು ಕೇಳಿದ್ರು? ನಿಮ್ಮ ಕಥಿ ಸಾಹೇಬ್ರ, ಕಥಿ.

ಗಡಿಗೆಪ್ಪನವರು ಹತ್ತಿರದ ಸ್ಟೂಲಿನ ಮೇಲೆ ಕುಳಿತರು. ಟೀಚರಮ್ಮ ಎಲ್ಲವನ್ನೂ ಒಪ್ಪಿಕೊಂಡರು. ದಿನಾ ಸಂಜೆ ಕಿಟಕಿ ತೆರೆದಿಡುವುದೇ ಕಥೆಗಾಗಿಯಂತೆ. ಒಮ್ಮೆಯೂ ಅನುಮತಿ ಕೇಳಿಲ್ಲವೆಂದು ಮನಸ್ಸಿಗೆ ಚುಚ್ಚುತ್ತಿತ್ತಂತೆ. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಆ ಎಮ್ಮೆ. ಅದು ಕೋರ್ಟಿನ ಬಾಗಿಲಿಗೆ ಬರುವ ಹೊತ್ತಿಗೆ ಒಂದು ದಿನ ಆಜಾನ್ ಆಗುತ್ತದೆ, ಇನ್ನೊಂದು ದಿನ ಕರೆಂಟು ಹೋಗುತ್ತದೆ, ಒಟ್ಟಿನಲ್ಲಿ ಎಮ್ಮೆ ಒಳಗೆ ಹೋದದ್ದೇ ಇಲ್ಲ.

ಆಮೇಲೆ ವೈಫೈ ವಿಷಯ ಬಂತು. ಪಾಸ್‌ವರ್ಡ್ ಮರೆತು ಮರೆತು ಬೇಸತ್ತು ತಾವೇ ತೆಗೆಸಿದ್ದಾಗಿ ಹೇಳಿದರು. ಹೈದರಾಬಾದಿನ ಅಕ್ಕನ ಜೊತೆ ಮಾತಾಡಿ ಉಳಿದದ್ದನ್ನು ಯಾರು ಬಳಸಿದರೂ ಬೇಸರವಿಲ್ಲವೆಂದರು. ಗಡಿಗೆಪ್ಪನವರು ಬಿಡಲಿಲ್ಲ. ಗುರುತಿಲ್ಲದವನೊಬ್ಬ ಈ ನೆಟ್ಟಿನಲ್ಲಿ ಏನಾದರೂ ಭಾನಗಡಿ ಮಾಡಿದರೆ ಪೊಲೀಸರು ಬರುವುದು ಈ ಮನೆ ಬಾಗಿಲಿಗೇ ಎಂದು ತಿಳಿಸಿ ಹೇಳಿದರು. ಕೊಡುವುದಿದ್ದರೆ ಗೊತ್ತಿದ್ದವರಿಗೆ ಗೊತ್ತಿದ್ದು ಕೊಡಬೇಕು, ಆಗ ಅದು ಕಳವಲ್ಲ, ಒಪ್ಪಿಗೆ.

ಸುಗ್ರಾ ಬೇಗಂ: ಹಂಗಾರ ಪಾಸ್‌ವರ್ಡ್ ಇಡೋಣ. ಆದ್ರ ನನಗ ಮರೀಬಾರದು. ಆ ಎಮ್ಮಿ ಕಥಿ ಈಗ ಮುಗಸ್ರಿ. ಕಡೀ ಮಾತು ಏನು ಬರ್ತದೋ ಅದನ್ನೇ ಇಡ್ತೀನಿ. ಓಣಿ ಮಂದಿಗೆ ನನ್ನ ಒಪ್ಪಿಗಿ ಅದ. ಯಾರಿಗೆ ನೆಟ್ ಬೇಕೋ ಅವ್ರು ಕಥಿ ಪೂರ್ತಿ ಕೇಳಲಿ.

ಗಡಿಗೆಪ್ಪನವರು ಕಥೆ ಮುಗಿಸಿದರು. ಟೀಚರಮ್ಮ ನಕ್ಕ ರಭಸಕ್ಕೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಕರೆಂಟು ಬಂದಮೇಲೆ ಟೀಚರಮ್ಮನ ತಂಗಿಯ ಮಗಳು ನಾಹಿದ್ ಫೋನಿನಲ್ಲಿ ಹೇಳಿಕೊಟ್ಟಂತೆ ಪಾಸ್‌ವರ್ಡ್ ಕೂತಿತು.

ಮನೆಗೆ ಬಂದ ಗಡಿಗೆಪ್ಪನವರು ಹೆಂಡತಿಗೆ ಮಾತ್ರ ಅದನ್ನು ಹೇಳಿದರು, ರೊಟ್ಟಿ ಆರ್ಡರು ನಿಲ್ಲಬಾರದಲ್ಲ. ಹೇಳುವ ಮೊದಲು ಕೋರ್ಟಿನಲ್ಲಿ ಸಾಕ್ಷಿಗೆ ಮಾಡಿಸುವಂತೆ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಬಸವಂತಮ್ಮ ಹಿಟ್ಟಿನ ಕೈಯನ್ನೇ ಎತ್ತಿದರು.

ಮರುದಿನ ಸಂಜೆ ಕಟ್ಟೆ ತುಂಬಿತು. ಗಡಿಗೆಪ್ಪನವರು ಗಂಟಲು ಸರಿಮಾಡಿಕೊಂಡು, ಇನ್ನು ಮುಂದೆ ನೆಟ್ಟಿಗೆ ಪಾಸ್‌ವರ್ಡ್ ಇರುತ್ತದೆ, ಅದು ಕಥೆಯ ಕೊನೆಯಲ್ಲಿ ಸಿಗುತ್ತದೆ ಎಂದು ಸಾರಿದರು. ಯಾರೂ ತಕರಾರು ಮಾಡಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಫೋನುಗಳೆಲ್ಲ ಜೇಬಿನಲ್ಲಿದ್ದವು, ಮುಖಗಳು ಮೇಲಿದ್ದವು. ಬೂದೆಪ್ಪನ ಹಣೆ ಅಷ್ಟು ಅಗಲವೆಂದು ಅವರಿಗೆ ಅಂದೇ ಗೊತ್ತಾಯಿತು.

ಕಥೆ ನಡೆಯಿತು. ಕಲ್ಲೂರಿನವನೊಬ್ಬ, ಬಾಗಲವಾಡದವನೊಬ್ಬ, ನಡುವೆ ಒಂದು ಎಮ್ಮೆ. ಇಬ್ಬರೂ ನನ್ನದೆನ್ನುತ್ತಾರೆ. ಕೇಸು ಮುಗಿಯುವವರೆಗೆ ಎಮ್ಮೆಯನ್ನು ಇಬ್ಬರ ಮನೆಯಲ್ಲೂ ಕಟ್ಟಬಾರದೆಂದು ಆದೇಶವಾಗುತ್ತದೆ. ಸಾಕ್ಷಿ ಹೇಳುವವರೆಲ್ಲ ಹೇಳಿ ಸುಸ್ತಾದಮೇಲೆ ಸಾಹೇಬರು, ಎಮ್ಮೆಯನ್ನು ಕರೆತಂದು ಹಗ್ಗ ಬಿಚ್ಚಿರಿ, ಅದು ತಾನಾಗಿ ಯಾರ ಮನೆಗೆ ಹೋಗುತ್ತದೋ ಅವರದೇ ಎನ್ನುತ್ತಾರೆ. ಎಮ್ಮೆ ಬಾಗಿಲಿಗೆ ಬಂತು. ಹಗ್ಗ ಬಿಚ್ಚಿದರು.

ಕರೆಂಟು ಹೋಯಿತು.

ಗಡಿಗೆಪ್ಪನವರು ಕತ್ತಲಲ್ಲಿ ಚಪ್ಪಲಿ ಸದ್ದಿಗೆ ಕಿವಿಗೊಟ್ಟರು. ಒಂದೂ ಕೇಳಲಿಲ್ಲ. ಮೆಲ್ಲನೆ ಎದ್ದು ಬಾಗಿಲ ಹತ್ತಿರ ಹೋದರು.

ಗಡಿಗೆಪ್ಪ: ಯಾರೂ ಎದ್ದಿಲ್ಲ. ಪಾಸ್‌ವರ್ಡಿನ ಆಸಿಗೆ ಕುಂತಾರ, ಪಾಪ.

ಬಸವಂತಮ್ಮ: ಪಾಸ್‌ವರ್ಡ್ ಮುಂಜಾನೇನೇ ಉಮೇಶಗ ಹೇಳೀನಿ. ರೊಟ್ಟಿ ಗಂಟು ಒಯ್ಯಾಕ ಬಂದಿದ್ದ. ಮಧ್ಯಾಹ್ನದಾಗ ಓಣಿಗೆಲ್ಲಾ ಗೊತ್ತಾಗೇದ.

ಗಡಿಗೆಪ್ಪ: ಪ್ರಮಾಣ ಮಾಡಿದ್ದಿ ನೀ.

ಬಸವಂತಮ್ಮ: ಏನಂತ ಮಾಡಸಿದ್ರಿ? ಖರೇನೇ ಹೇಳ್ತೀನಿ, ಖರೇ ಬಿಟ್ಟು ಬ್ಯಾರೆ ಹೇಳಂಗಿಲ್ಲ ಅಂತ. ಅವ ಕೇಳಿದ. ಖರೇ ಹೇಳಿದೆ.

ಗಡಿಗೆಪ್ಪ: ಹಂಗಾರ ಈ ಕತ್ತಲದಾಗ ಇವ್ರೆಲ್ಲಾ ಯಾಕ ಕುಂತಾರ?

ಉತ್ತರ ಕಟ್ಟೆಯ ಕಡೆಯಿಂದ ಬಂತು.

ಉಮೇಶ: ಕಾಕಾ, ಎಮ್ಮಿ ವಕೀಲರ ಮನಿಗೆ ಹೋತು ಅಂತ ಪಾಸ್‌ವರ್ಡ್ ಹೊಡದಾಗೇ ಗೊತ್ತಾತು. ಮುಂಜಾನಿಯಿಂದ ತಲಿ ತಿನ್ನಾಕತ್ತದ. ಅಲ್ಲಿಗೆ ಯಾಕ ಹೋತು, ಅದನ್ನ ಹೇಳ್ರಿ.

ಪರದೆಯ ಹಿಂದೆ ಕುರ್ಚಿ ಹತ್ತಿರಕ್ಕೆ ಎಳೆದ ಸದ್ದಾಯಿತು. ಸಂತೋಷವೆಂದರೆ ಹೀಗೂ ಇರುತ್ತದೆಂದು ಗಡಿಗೆಪ್ಪನವರಿಗೆ ಗೊತ್ತಿರಲಿಲ್ಲ. ಬಂದು ತಮ್ಮ ಜಾಗದಲ್ಲಿ ಕುಳಿತರು.

ಗಡಿಗೆಪ್ಪ: ಯಾಕ ಹೋತು ಅಂದ್ರ, ಕೇಸ್ ನಡಿಯೋ ತನಕ ಎಮ್ಮಿ ವಕೀಲರ ಹಿತ್ತಲದಾಗ ಇತ್ತಪಾ. ಅವ್ರು ಹಿಂಡಿ ಹಾಕಿದ್ರು, ಹಾಲು ಕುಡದ್ರು. ಮಂದಿ ಎಮ್ಮಿ ಹಾಲು, ಕೇಳದಂಗ. ನೋಡ್ರಿ, ಎಂಥಾ ಅನ್ಯಾಯ.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

ಬಸವಂತಮ್ಮ: ಆಗ ನಿಮ್ಮ ಆಫೀಸಿನ ಚಹಾಕ್ಕ ಹಾಲು ಎಲ್ಲಿಂದ ಬರ್ತಿತ್ತು, ಅದನ್ನೂ ಹೇಳ್ರಿ. ಬಲಗೈ ಎತ್ತಿ ಹೇಳ್ರಿ.